ತೀರ್ಥನ್ ಹೊಳೆಯಲ್ಲಿ ಟ್ರೌಟ್‌ಗೆ ಫ್ಲೈ ಗಾಳ: ನನ್ನ ಅನುಭವ

ಹಿಮಾಚಲದ ತೀರ್ಥನ್ ಹೊಳೆಯಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ (ತಣ್ಣೀರಿನ ಹೊಳೆಯ ಮೀನು) ಹಿಡಿಯುವಂತಿಲ್ಲ, ಅದು ಮೊಟ್ಟೆ ಇಡುವ ಕಾಲ. ಮಳೆಗಾಲದಲ್ಲಿ ನೀರು ಕೆಂಪು. ಹಾಗಾಗಿ ನಾನು ಮಾರ್ಚ್-ಏಪ್ರಿಲ್ ಅಥವಾ ಅಕ್ಟೋಬರ್ ಆರಿಸಿಕೊಳ್ಳುತ್ತೇನೆ. ಮೀನುಗಾರಿಕೆ ಇಲಾಖೆಯ ಪರವಾನಗಿ ಜೇಬಿನಲ್ಲಿರಬೇಕು.

ಕಾವೇರಿಯ ಮಹಶೀರ್‌ಗೆ ರಾಗಿ ಉಂಡೆ ಕಟ್ಟಿ ಎಸೆದ ಕೈ ಇಲ್ಲಿ ಮೊದಲು ತಡವರಿಸುತ್ತದೆ. ಅಲ್ಲಿ ಗಾಳದ ತುದಿಯ ಭಾರವೇ ದಾರವನ್ನು ಎಳೆದೊಯ್ಯುತ್ತದೆ. ಫ್ಲೈಗೆ, ಅಂದರೆ ಗರಿ-ನೂಲು ಸುತ್ತಿ ಹುಳದಂತೆ ಕಾಣುವ ಹಾಗೆ ಮಾಡಿದ ಗಾಳಕ್ಕೆ, ತೂಕವೇ ಇಲ್ಲವೆನ್ನಬಹುದು, ಎಸೆಯುವುದು ದಪ್ಪ ಲೈನನ್ನು (ದಾರವನ್ನು). ಹಿಂದಕ್ಕೆ ಬೀಸಿದಾಗ ಲೈನ್ ಪೂರ್ತಿ ಬಿಚ್ಚಿಕೊಳ್ಳುವ ತನಕ ತಡೆಯಬೇಕು. ಆತುರಪಟ್ಟರೆ ಚಾಟಿಯಂತೆ ಚಟ್ ಎಂದು ಸದ್ದಾಗಿ ಫ್ಲೈ ಹಾರಿಹೋಗುತ್ತದೆ. ಬೆನ್ನ ಹಿಂದೆ ಮರವಿದ್ದಲ್ಲಿ ಲೈನನ್ನು ಹಿಂದಕ್ಕೆ ಬೀಸದೆ ನೀರಿನ ಮೇಲಿಂದಲೇ ಮುಂದಕ್ಕೆ ಉರುಳಿಸಿ ಎಸೆಯುವ ರೋಲ್ ಕಾಸ್ಟ್ ಒಳ್ಳೆಯ ದಾರಿ.

ನನ್ನದು 9 ಅಡಿಯ 5-ವೇಟ್ ರಾಡ್ (ಮಧ್ಯಮ ತೂಕದ ಲೈನಿಗೆ ಹೊಂದುವ ಕೋಲು), ತೇಲುವ ಲೈನ್, ಅದರ ತುದಿಗೆ ಕಟ್ಟುವ 9 ಅಡಿಯ ಸಪೂರ ದಾರ ಅಂದರೆ ಲೀಡರ್, ಅದರ ತುದಿಗೆ ಫ್ಲೈ ಕಟ್ಟುವ ಇನ್ನೂ ಸಪೂರದ 5ಎಕ್ಸ್ ಟಿಪ್ಪೆಟ್ (ಸುಮಾರು 0.15 ಮಿ.ಮೀ. ದಪ್ಪ). ಅಕ್ಟೋಬರಿನ ತಿಳಿನೀರಿಗೆ ಲೀಡರನ್ನು 12 ಅಡಿಗೆ ಉದ್ದ ಮಾಡಿ, ಇನ್ನೂ ಸಪೂರದ 6ಎಕ್ಸ್ ಕಟ್ಟುತ್ತೇನೆ. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ. ಒಣಗಂಟು ಉಜ್ಜಿ ಬಿಸಿಯಾಗಿ ಅಲ್ಲೇ ತುಂಡಾಗುತ್ತದೆ. ಮೀನಿನ ಬಾಯಿಂದ ಸುಲಭವಾಗಿ ಬಿಡಿಸಲೆಂದು ಗಾಳದ ತುದಿಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡುತ್ತೇನೆ.

ಟ್ರೌಟ್ ಹರಿವಿಗೆ ಎದುರಾಗಿ ನಿಲ್ಲುವುದರಿಂದ ಹೊಳೆಯ ಕೆಳಗಿನಿಂದ ಮೇಲಕ್ಕೆ ಹೋಗುತ್ತೇನೆ. ಬಂಡೆಯ ಹಿಂದಿನ ಮೆತ್ತನೆಯ ನೀರು, ವೇಗದ ಹರಿವಿಗೂ ನಿಧಾನದ ಹರಿವಿಗೂ ನಡುವಿನ ಗೆರೆ, ಇವೇ ಮೀನಿನ ಜಾಗ. ಬೆಳಗಿನ ಹೊತ್ತು 14 ಅಥವಾ 16ನೇ ನಂಬರಿನ (ಗಾಳದ ಅಳತೆ) ಫೆಸೆಂಟ್ ಟೇಲ್ ನಿಂಫ್, ಅಂದರೆ ನೀರಿನೊಳಗಿನ ಮರಿಹುಳದಂತೆ ಕಾಣುವ, ಮುಳುಗುವ ಫ್ಲೈ, ಭಾರದ ಟಂಗ್‌ಸ್ಟನ್ ಮಣಿಯದ್ದು. ಮೀನು ಕಚ್ಚಿದ್ದನ್ನು ತೋರಿಸುವ ತೇಲುವ ಬೆಂಡನ್ನು ನಿಂಫ್‌ನಿಂದ ನೀರಿನ ಆಳದ ಒಂದೂವರೆ ಪಟ್ಟು ಮೇಲೆ ಕಟ್ಟಬೇಕು. ನಿಂಫ್ ಆಗಾಗ ತಳ ಮುಟ್ಟದಿದ್ದರೆ ಭಾರ ಸಾಲದು, ಪ್ರತಿ ಸಲವೂ ಕಲ್ಲಿಗೆ ಸಿಕ್ಕಿದರೆ ಹೆಚ್ಚಾಯಿತು.

ಎಲ್ಲಕ್ಕಿಂತ ಹೆಚ್ಚು ಮೀನು ಕಳೆಯುವುದು ಡ್ರ್ಯಾಗ್‌ನಿಂದ. ನಡುವಿನ ವೇಗದ ನೀರು ಲೈನನ್ನು ಎಳೆದರೆ ಫ್ಲೈ ಹರಿವಿಗಿಂತ ಜೋರಾಗಿ ಓಡುತ್ತದೆ. ನಿಜವಾದ ಹುಳ ಹಾಗೆ ಓಡುವುದಿಲ್ಲ, ಟ್ರೌಟ್‌ಗೆ ಅದು ಗೊತ್ತು. ದೂರ ಎಸೆಯುವ ಹುಚ್ಚು ಇಲ್ಲಿ ಬೇಡ. 5-6 ಮೀಟರ್ ಸಾಕು, ರಾಡ್ ಎತ್ತಿ ಹಿಡಿದು ಲೈನ್ ನೀರಿಗೆ ತಾಗದಂತೆ ನೋಡಿಕೊಂಡರೆ ಅರ್ಧ ಕೆಲಸ ಆದಂತೆ. ಫ್ಲೈ ಬದಲಿಸುವ ಮೊದಲು ನಿಂತ ಜಾಗ ಬದಲಿಸಿ ನೋಡುವುದು ನನ್ನ ರೂಢಿ.

ಬೆಂಡು ತಡೆದು ನಿಂತ ಕೂಡಲೇ ರಾಡ್ ತುದಿಯನ್ನು ಮೇಲೆತ್ತಬೇಕು, ಅಷ್ಟೇ. ಮಹಶೀರ್‌ಗೆ ಜಗ್ಗಿದ ಹಾಗೆ ಜಗ್ಗಿದರೆ 5ಎಕ್ಸ್ ಪಟ್ಟೆಂದು ಹೋಗುತ್ತದೆ. ಮೇ ತಿಂಗಳಿಗೆ ಹೋದವರು ಮಧ್ಯಾಹ್ನಕ್ಕೆ ಮುಂಚೆ ಮುಗಿಸುವುದು ಒಳ್ಳೆಯದು. ಬಿಸಿಲೇರಿ ಹಿಮ ಕರಗಿದಂತೆ ನೀರು ಏರಿ ಮಸುಕಾಗುತ್ತದೆ, ಬೆಳಿಗ್ಗೆ ದಾಟಿದ ಜಾಗವನ್ನು ಸಂಜೆ ದಾಟಲಾಗದು.

ಬಿಡುವ ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಬೇಕು, ಒಣ ಕೈಗೆ ಮೈಯ ಲೋಳೆ ಕಿತ್ತುಬರುತ್ತದೆ. ತಲೆಯನ್ನು ಹರಿವಿಗೆ ಎದುರಾಗಿಟ್ಟು, ಅದಾಗಿಯೇ ಬಾಲ ಬಡಿದು ಹೋಗುವ ತನಕ ಕೈ ಸಡಿಲಿಸುವುದಿಲ್ಲ.