ಮಾರ್ಕೆಟ್ ಪಕ್ಕದಲ್ಲೇ ಮಲಗಲು ಜಾಗ ಬೇಕು: ವಸತಿರಹಿತರ ಕೇಂದ್ರ ನಡೆಸಿದ ನನ್ನ ಅನುಭವ

"ಅವರು ಯಾಕೆ ದುಡಿದು ತಿನ್ನಬಾರದು?" ಬೆಂಗಳೂರಿನಲ್ಲಿ ವಸತಿರಹಿತರ ಕೇಂದ್ರ ನಡೆಸುತ್ತೇನೆ ಅಂದ ಕೂಡಲೇ ಎದುರಾಗುವ ಪ್ರಶ್ನೆ ಇದು. ನೆಂಟರು ಕೇಳುತ್ತಾರೆ, ಆಟೋದವರು ಕೇಳುತ್ತಾರೆ, ಕೆಲವೊಮ್ಮೆ ಫೈಲಿಗೆ ಸಹಿ ಹಾಕಬೇಕಾದ ಅಧಿಕಾರಿಯೇ ಕೇಳುತ್ತಾರೆ. ಹಾಗೆ ಕೇಳಿದವರನ್ನು ನಾನು ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಕರೆಯುತ್ತೇನೆ. ಆಗ ಹೂವಿನ ಮೂಟೆ ಇಳಿಯುತ್ತಿರುತ್ತವೆ, ತರಕಾರಿ ಲಾರಿಗಳು ಖಾಲಿಯಾಗುತ್ತಿರುತ್ತವೆ. ಮೂಟೆ ಹೊರುವವರಲ್ಲಿ, ಕೈಗಾಡಿ ತಳ್ಳುವವರಲ್ಲಿ ಎಷ್ಟೋ ಜನ ಸ್ವಲ್ಪ ಹೊತ್ತಿನ ಮುಂಚೆ ಅಲ್ಲೇ ಯಾವುದೋ ಅಂಗಡಿಯ ಜಗಲಿಯಿಂದ ಎದ್ದು ಬಂದವರು. ದುಡಿಮೆ ಇದೆ. ಮಲಗಲು ಜಾಗ ಇಲ್ಲ, ಅಷ್ಟೇ.

ಕೇಂದ್ರ ಶುರು ಮಾಡುವ ಮುಂಚೆ ನಾವು ಮಾಡಿದ್ದು ರಾತ್ರಿ ಸುತ್ತಾಟ. ಮೆಜೆಸ್ಟಿಕ್, ಕಲಾಸಿಪಾಳ್ಯ, ಶಿವಾಜಿನಗರ, ವಿಕ್ಟೋರಿಯಾ ಆಸ್ಪತ್ರೆಯ ಸುತ್ತಮುತ್ತ. ಹನ್ನೊಂದು ಗಂಟೆಯ ಮೇಲೆ ಹೊರಡುತ್ತಿದ್ದೆವು. ಗುಂಪಿನಲ್ಲಿ ಒಬ್ಬ ಹೆಂಗಸಾದರೂ ಇರಲೇಬೇಕು. ಫೋಟೋ ತೆಗೆಯುವ ಹಾಗಿಲ್ಲ, ಮುಖಕ್ಕೆ ಟಾರ್ಚ್ ಬಿಡುವ ಹಾಗಿಲ್ಲ, ಮಲಗಿದವರನ್ನು ಎಬ್ಬಿಸುವ ಹಾಗಿಲ್ಲ. ಎದ್ದು ಕೂತವರ ಹತ್ತಿರ ಮಾತ್ರ ಮಾತು. "ಯಾವ ಊರು, ಯಾಕೆ ಬಂದ್ರಿ" ಅಂತ ಶುರು ಮಾಡಿದರೆ ಪೊಲೀಸರ ಕಡೆಯವರು ಅಂದುಕೊಳ್ಳುತ್ತಾರೆ. "ನಾಳೆ ಎಷ್ಟೊತ್ತಿಗೆ ಕೆಲಸ?" ಅಂತ ಕೇಳಿದರೆ ಮಾತು ತಾನಾಗಿ ಬರುತ್ತದೆ.

ಜನ ಸುಮ್ನೆ ಎಲ್ಲೋ ಮಲಗುವುದಿಲ್ಲ ಅಂತ ಗೊತ್ತಾಗಿದ್ದು ಆಗಲೇ. ಎಟಿಎಂ ಬೆಳಕು ಬೀಳುವ ಜಾಗ, ಸೆಕ್ಯುರಿಟಿ ಗಾರ್ಡ್ ಇರುವ ಅಂಗಡಿ, ಮಳೆ ಬಂದರೆ ಓಡಲು ಹತ್ತಿರವಿರುವ ಸೂರು, ಎಲ್ಲವನ್ನೂ ಲೆಕ್ಕ ಹಾಕಿರುತ್ತಾರೆ. ಹೆಂಗಸರು ಆಸ್ಪತ್ರೆ ಗೇಟು, ಬಸ್ ನಿಲ್ದಾಣ ಹುಡುಕುತ್ತಾರೆ, ಯಾಕೆಂದರೆ ಅಲ್ಲಿ ರಾತ್ರಿಯಿಡೀ ಯಾರಾದರೂ ಎಚ್ಚರವಿರುತ್ತಾರೆ. ಇಬ್ಬರಿದ್ದರೆ ಸರದಿ ಪ್ರಕಾರ ಮಲಗುತ್ತಾರೆ. ಚಪ್ಪಲಿ ತಲೆಯ ಕೆಳಗೆ, ದುಡ್ಡು ಸೊಂಟದಲ್ಲಿ.

ಅಲ್ಲಿ ಸಿಕ್ಕವರು ಒಂದೇ ಥರದವರಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಕಲ್ಯಾಣ ಮಂಟಪಗಳಲ್ಲಿ ಅಡುಗೆ ಕಂಟ್ರಾಕ್ಟರ್ ಕೆಳಗೆ ಬಡಿಸುವವರು, ಪಾತ್ರೆ ತೊಳೆಯುವವರು. ಚಿಂದಿ ಆಯುವವರು. ಗಂಡನ ಹೊಡೆತ ತಾಳದೆ ಮಗುವಿನ ಜೊತೆ ಬಂದ ತಾಯಂದಿರು. ಮನೆಯವರು ದೂರ ಮಾಡಿದ ಮಂಗಳಮುಖಿಯರು. ವಯಸ್ಸಾದ ಮೇಲೆ ಯಾರಿಗೂ ಬೇಡವಾದವರು. ದೂರದ ಜಿಲ್ಲೆಯಿಂದ ರೋಗಿಯನ್ನು ಕರೆತಂದು ಲಾಡ್ಜಿಗೆ ದುಡ್ಡಿಲ್ಲದೆ ಹೊರಗೆ ಮಲಗಿದವರು. ಭಿಕ್ಷೆ ಬೇಡುವವರೂ ಇದ್ದರು, ಆದರೆ ಜನ ಅಂದುಕೊಂಡಷ್ಟು ಇರಲಿಲ್ಲ.

2011ರ ಜನಗಣತಿಯಲ್ಲಿ ದೇಶದಲ್ಲಿ ಮನೆಯಿಲ್ಲದವರು ಸುಮಾರು 17.7 ಲಕ್ಷ ಅಂತ ಬಂತು. ಅದರಲ್ಲಿ ನಗರಗಳಲ್ಲೇ 9 ಲಕ್ಷಕ್ಕಿಂತ ಜಾಸ್ತಿ. ಆ ಎಣಿಕೆ ನಡೆದಿದ್ದು ಫೆಬ್ರುವರಿ 28ರ ಒಂದು ರಾತ್ರಿ. ರಾತ್ರಿ ಪಾಳಿಯಲ್ಲಿ ಮೂಟೆ ಹೊರುತ್ತಿದ್ದವರನ್ನು, ಮಂಟಪದ ಹಿಂದೆ ಪಾತ್ರೆ ತೊಳೆಯುತ್ತಿದ್ದವರನ್ನು ಅಂದು ಯಾರು ಎಣಿಸಿರುತ್ತಾರೆ? ನಿಜವಾದ ಸಂಖ್ಯೆ ಇದಕ್ಕಿಂತ ದೊಡ್ಡದು ಅಂತಲೇ ನನ್ನ ನಂಬಿಕೆ.

ಈಗ ಜಾಗದ ವಿಷಯ. ನನ್ನ ಮಟ್ಟಿಗೆ ಈ ಕೆಲಸದ ಜೀವಾಳವೇ ಅದು.

ದೆಹಲಿಯ ಚಳಿಯಲ್ಲಿ ಬೀದಿಯಲ್ಲಿದ್ದವರು ಸಾಯುತ್ತಿದ್ದ ವಿಷಯ 2010ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂತು. ಆಮೇಲೆ ಲಕ್ಷ ಜನಸಂಖ್ಯೆಗೆ ಒಂದು ಕೇಂದ್ರ ಇರಬೇಕು ಅನ್ನುವ ಲೆಕ್ಕ ಗಟ್ಟಿಯಾಯಿತು. 2013ರಲ್ಲಿ ಶುರುವಾಗಿ 2024ರವರೆಗೆ ನಡೆದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲೂ ಅದೇ ಲೆಕ್ಕ ಇತ್ತು. ವರ್ಷಪೂರ್ತಿ, ದಿನದ 24 ಗಂಟೆಯೂ ತೆರೆದಿರಬೇಕು, ತಲೆಗೆ 50 ಚದರ ಅಡಿ ಜಾಗ ಇರಬೇಕು ಅಂತಲೂ ಇತ್ತು. ಕೇಂದ್ರಗಳು ಜನ ಸೇರುವ, ಕೆಲಸ ಸಿಗುವ ಜಾಗದ ಹತ್ತಿರ ಇರಬೇಕು ಅನ್ನುವುದೂ ಇತ್ತು. ಕಾಗದದ ಮೇಲೆ ಅದು ಒಳ್ಳೆಯ ಯೋಜನೆಯೇ ಆಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ಆದರೆ ನಮಗೆ ಮೊದಲು ತೋರಿಸಿದ ಕಟ್ಟಡಗಳೆಲ್ಲ ಊರಾಚೆ ಇದ್ದವು. ಮುಚ್ಚಿಹೋದ ಶಾಲೆ, ಖಾಲಿ ಬಿದ್ದ ಸಮುದಾಯ ಭವನ. "ಇಲ್ಲಿ ಯಾರ ತಕರಾರೂ ಇರಲ್ಲ" ಅಂತ ಹೇಳಿದರು. ನಾವು ಬೇಡ ಅಂದೆವು. ಮೂರು ಗಂಟೆಗೆ ಲಾರಿ ಇಳಿಸಬೇಕಾದವನು ಹದಿನೈದು ಕಿಲೋಮೀಟರ್ ಆಚೆ ಮಲಗಿದರೆ ಕೆಲಸಕ್ಕೆ ಬರುವುದು ಹೇಗೆ? ಆ ಹೊತ್ತಿಗೆ ಬಸ್ ಇರಲ್ಲ. ಆಟೋಗೆ ಕೊಟ್ಟರೆ ಕೂಲಿ ಉಳಿಯಲ್ಲ. ಹಾಗಾಗಿ ಅವನು ಹೋಗುವುದಿಲ್ಲ, ಕೇಂದ್ರ ಖಾಲಿ ಬೀಳುತ್ತದೆ. ಖಾಲಿ ಬಿದ್ದ ಕೇಂದ್ರ ತೋರಿಸಿ "ನೋಡಿ, ಜಾಗ ಕೊಟ್ಟರೂ ಬರಲ್ಲ, ಅವರಿಗೆ ಬೀದಿಯೇ ಇಷ್ಟ" ಅನ್ನುತ್ತಾರೆ. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ! ಜನರ ತಪ್ಪು ಕಲ್ಪನೆಯನ್ನು ಇಂಥ ಕೇಂದ್ರಗಳೇ ಗಟ್ಟಿ ಮಾಡುತ್ತವೆ. ತುಂಬಾ ಓಡಾಡಿದ ಮೇಲೆ ಮಾರ್ಕೆಟ್‌ನಿಂದ ನಡೆದು ಬರುವಷ್ಟು ಹತ್ತಿರ ಒಂದು ಹಳೆಯ ಕಟ್ಟಡ ಸಿಕ್ಕಿತು.

ನೆರೆಯವರಿಗೆ ಸುದ್ದಿ ಮುಟ್ಟಿದ್ದೇ ಮನವಿ ಪತ್ರ ಹೊರಟಿತು. ಮಕ್ಕಳು ಓಡಾಡುವ ರಸ್ತೆ, ಕುಡಿದು ಬೀಳ್ತಾರೆ, ಕಳ್ಳತನ ಆಗುತ್ತೆ, ಮನೆ ಬಾಡಿಗೆ ಇಳಿಯುತ್ತೆ. ಈ ಭಯವನ್ನು ನಾನು ಹಗುರವಾಗಿ ನೋಡಲಿಲ್ಲ. ಮನೆಯೊಂದನ್ನೇ ನಂಬಿ ಬದುಕುವ ವಯಸ್ಸಾದ ದಂಪತಿಗೆ ಬಾಡಿಗೆ ಇಳಿಯುವ ಭಯ ನಿಜವಾದ ಭಯವೇ ಅಲ್ವಾ?

ದೊಡ್ಡ ಸಭೆ ಕರೆಯಲಿಲ್ಲ. ಸಭೆಯಲ್ಲಿ ದನಿ ಜೋರಿರುವ ಇಬ್ಬರು ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಮನೆ ಮನೆಗೆ ಹೋದೆವು, ಹೆಚ್ಚಾಗಿ ಸಂಜೆ ಹೊತ್ತು. ಸಾಧ್ಯವಾಗದ ಮಾತು ಕೊಡಲಿಲ್ಲ. "ಕುಡಿದವರು ಬರುವುದೇ ಇಲ್ಲ ಅಂತ ನಾನು ಹೇಳಲ್ಲ. ಕುಡಿದು ಬಂದವರನ್ನು ಬಾಗಿಲ ಹೊರಗೆ ನಿಲ್ಲಿಸಲ್ಲ, ಒಳಗೆ ಕರೆದು ಮಲಗಿಸುತ್ತೇವೆ. ಹೊರಗೆ ನಿಲ್ಲಿಸಿದರೇ ನಿಮಗೆ ತೊಂದರೆ ಜಾಸ್ತಿ" ಅಂತ ಹೇಳಿದೆ. ಬಾಗಿಲ ಮೇಲೆ ಒಂದು ಫೋನ್ ನಂಬರ್ ಬರೆಸಿದೆವು. ರಾತ್ರಿ ಎರಡು ಗಂಟೆಗೆ ಮಾಡಿದರೂ ಎತ್ತುತ್ತೇವೆ ಅಂದೆವು, ಎತ್ತಿದೆವು. ಕಟ್ಟಡದ ಎರಡೂ ಕಡೆ ರಸ್ತೆ ಗುಡಿಸುವ ಕೆಲಸ ನಮ್ಮದು ಅಂದೆವು. ಬೀಟ್ ಪೊಲೀಸರಿಗೆ ಮೊದಲೇ ಪರಿಚಯ ಮಾಡಿಕೊಂಡೆವು.

ಕೇಂದ್ರ ತೆರೆದ ಮೇಲೆ ಅದೇ ರಸ್ತೆಯ ಒಬ್ಬ ಹಿರಿಯರು ಒಳಗೆ ನೋಡಬೇಕು ಅಂತ ಬಂದರು. ವಿರೋಧ ಮಾಡಿದವರಲ್ಲಿ ಅವರೂ ಒಬ್ಬರು. ಹಾಸಿಗೆ ಮೇಲೆ ಕೂತಿದ್ದ ಒಬ್ಬರನ್ನು ಕಂಡು ನಿಂತರು. ಆ ಹಿರಿಯರ ಮಗಳ ಮದುವೆಯಲ್ಲಿ ಎಲೆಗೆ ಅನ್ನ ಬಡಿಸಿದವರು ಇವರೇ. ಇಬ್ಬರಿಗೂ ಗುರುತು ಸಿಕ್ಕಿತು. ಸಾರು ಚೆನ್ನಾಗಿತ್ತೋ ಇಲ್ಲವೋ ಅಂತ ಬಹಳ ಹೊತ್ತು ಮಾತಾಡಿದರು. ಆ ಹಿರಿಯರು ಆಮೇಲೆ ನಮ್ಮ ಪರ ಭಾಷಣವನ್ನೇನೂ ಮಾಡಲಿಲ್ಲ. ಮನವಿ ಪತ್ರದ ಮಾತು ಮಾತ್ರ ಮತ್ತೆ ಎತ್ತಲಿಲ್ಲ. ಜಾಗೃತಿ ಭಿತ್ತಿಪತ್ರಗಳಿಂದ ಆಗದ ಕೆಲಸ ಇಂಥ ಗುರುತಿನಿಂದ ಆಗುತ್ತದೆ. ಅದಕ್ಕೂ ಕೇಂದ್ರ ಊರೊಳಗೇ ಇರಬೇಕು.

ಕೆಲವರ ಮನಸ್ಸು ಇವತ್ತಿಗೂ ಬದಲಾಗಿಲ್ಲ. ಅದು ಅವರ ಹಕ್ಕು. ಆದರೆ ನೆರೆಯವರ ಒಪ್ಪಿಗೆ ಸಿಕ್ಕರೆ ಮಾತ್ರ ಕೇಂದ್ರ ಅನ್ನುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಆಸ್ಪತ್ರೆ, ಬಸ್ ನಿಲ್ದಾಣ ಕಟ್ಟುವಾಗ ಮನೆ ಮನೆಯ ಅನುಮತಿ ಕೇಳುತ್ತಾರಾ? ನೆರೆಯವರ ಜೊತೆ ಮಾತು ನಿಲ್ಲಿಸಬಾರದು, ಆದರೆ ಬಾಗಿಲು ತೆರೆಯಬೇಕೋ ಬೇಡವೋ ಅನ್ನುವುದನ್ನು ಅವರ ಕೈಗೆ ಬಿಡಬಾರದು.

ಒಳಗಿನ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಬೀಗ ಹಾಕುವ ಸಣ್ಣ ಕಬ್ಬಿಣದ ಪೆಟ್ಟಿಗೆಗಳು. ಹಾಸಿಗೆಗಿಂತ ಜಾಸ್ತಿ ಜನ ಅದನ್ನು ಕೇಳಿದರು. ಬೀದಿಯಲ್ಲಿರುವವರು ಬ್ಯಾಗು ಹೊತ್ತುಕೊಂಡೇ ದಿನವಿಡೀ ಓಡಾಡಬೇಕು. ಬ್ಯಾಗು ಹೊತ್ತು ಬಂದವರಿಗೆ ಹೋಟೆಲಿನವರು ಕೆಲಸ ಕೊಡಲ್ಲ. ಎಲ್ಲೋ ಮುಚ್ಚಿಟ್ಟರೆ ಬೆಳಿಗ್ಗೆ ಕಸದ ಗಾಡಿಗೆ ಹೋಗುತ್ತದೆ, ಅದರ ಜೊತೆ ಆಧಾರ್ ಕಾರ್ಡೂ ಹೋಗುತ್ತದೆ. ಪೆಟ್ಟಿಗೆಯ ಕೀಲಿ ಕೈಗೆ ಬಂದ ಮೇಲೆ ಎಷ್ಟೋ ಜನ ದಿನಗೂಲಿ ಬಿಟ್ಟು ತಿಂಗಳ ಸಂಬಳದ ಕೆಲಸ ಹಿಡಿದರು. ಸ್ನಾನಕ್ಕೆ ಬಿಸಿನೀರು, ಬಟ್ಟೆ ಒಣಹಾಕಲು ಹಗ್ಗ, ಮೊಬೈಲ್ ಚಾರ್ಜಿಂಗ್, ಇವೂ ಅಷ್ಟೇ ಮುಖ್ಯ. ಕೆಲಸಕ್ಕೆ ಕರೆಯುವ ಮೇಸ್ತ್ರಿ ಫೋನ್ ಮಾಡಿದಾಗ ಸ್ವಿಚ್ ಆಫ್ ಅಂತ ಬಂದರೆ ಅವತ್ತಿನ ಕೂಲಿ ಹೋಯಿತು.

ಹಗಲು ಬಾಗಿಲು ಮುಚ್ಚುವ ಕೇಂದ್ರಗಳನ್ನು ನೋಡಿದ್ದೇನೆ. ಮಾರ್ಕೆಟ್‌ನಲ್ಲಿ ದುಡಿಯುವವರಿಗೆ ಹಗಲೇ ರಾತ್ರಿ, ಅವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ನಾವು ನಿಯಮಗಳನ್ನು ಅಲ್ಲಿ ಇರುವವರಿಂದಲೇ ಮಾಡಿಸಿದೆವು. ನಾನು ಮಾಡಿದ್ದರೆ ಇಷ್ಟು ಬಿಗಿಯಾಗಿ ಮಾಡುತ್ತಿರಲಿಲ್ಲ! ಹನ್ನೊಂದಕ್ಕೆ ದೀಪ ಆರಬೇಕು, ಒಳಗೆ ಬೀಡಿ ಇಲ್ಲ, ವಾರಕ್ಕೊಮ್ಮೆ ಹಾಸಿಗೆ ಬಿಸಿಲಿಗೆ ಹಾಕದವರು ತಿಗಣೆಗೆ ಜವಾಬ್ದಾರರು.

ಕಾಗದಪತ್ರದ ಕೆಲಸ ನಿಧಾನ, ಆದರೆ ಬಿಡುವ ಹಾಗಿಲ್ಲ. ವಿಳಾಸವಿಲ್ಲದೆ ಪಡಿತರ ಚೀಟಿ ಇಲ್ಲ, ಸಂಧ್ಯಾ ಸುರಕ್ಷಾ ಪಿಂಚಣಿ ಇಲ್ಲ. ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಮತದಾರರ ಪಟ್ಟಿಗೆ ಸೇರಲು ಮನೆ ಬೇಕಾಗಿಲ್ಲ. ಫಾರಂ 6ರಲ್ಲಿ ತಾವು ಮಲಗುವ ಜಾಗವನ್ನೇ ಬರೆಯಬಹುದು. ಮತಗಟ್ಟೆ ಅಧಿಕಾರಿ ರಾತ್ರಿ ಹೊತ್ತು, ಒಂದಕ್ಕಿಂತ ಹೆಚ್ಚು ಸಲ ಬಂದು ಅವರು ಅಲ್ಲೇ ಮಲಗುತ್ತಾರೆ ಅಂತ ಖಚಿತ ಮಾಡಿಕೊಂಡರೆ ವಾಸದ ದಾಖಲೆ ಕೇಳುವ ಹಾಗಿಲ್ಲ. ಚುನಾವಣಾ ಆಯೋಗದ್ದೇ ನಿಯಮ ಇದು. ನಾವು ಅದರ ಪ್ರತಿ ಹಿಡಿದುಕೊಂಡೇ ಹೋಗುತ್ತಿದ್ದೆವು. ವೋಟು ಬಂದ ಮೇಲೆ ವಾರ್ಡಿನ ರಾಜಕಾರಣಿಗಳು ಮಾತಾಡುವ ರೀತಿಯೂ ಬದಲಾಯಿತು.

ಮಾನಸಿಕ ಕಾಯಿಲೆಯಿಂದ ಬೀದಿಗೆ ಬಂದವರ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪೊಲೀಸರ ಮೇಲೆ ಸ್ಪಷ್ಟ ಹೊಣೆ ಹಾಕಿದೆ. ಅಲೆಯುತ್ತಿರುವವರನ್ನು 24 ಗಂಟೆಯೊಳಗೆ ಸರ್ಕಾರಿ ಆರೋಗ್ಯ ಸಂಸ್ಥೆಗೆ ಕರೆದೊಯ್ಯಬೇಕು, ಲಾಕಪ್‌ನಲ್ಲಿ ಇಡುವ ಹಾಗಿಲ್ಲ. ಸಾಮಾನ್ಯ ಕೇಂದ್ರದಲ್ಲಿ ಅವರನ್ನು ಸುಮ್ನೆ ಇರಿಸಿಕೊಂಡರೆ ಅವರಿಗೂ ಕಷ್ಟ, ಉಳಿದವರಿಗೂ ಕಷ್ಟ. ಚಿಕಿತ್ಸೆ ಮೊದಲು.

ಡಿಸೆಂಬರ್ ಬಂದರೆ ಕಂಬಳಿ ಹಂಚುವವರು ಬರುತ್ತಾರೆ. ಅವರ ಮನಸ್ಸು ಒಳ್ಳೆಯದು, ನಾನು ತಡೆಯುವುದಿಲ್ಲ. ಆದರೆ ಬೆಂಗಳೂರಿನ ಬೀದಿಯಲ್ಲಿ ಮಲಗುವವರನ್ನು ಜಾಸ್ತಿ ಕಾಡುವುದು ಚಳಿಗಿಂತ ಮಳೆ. ಸೆಪ್ಟೆಂಬರ್, ಅಕ್ಟೋಬರ್ ರಾತ್ರಿಗಳಲ್ಲಿ ಕೂತೇ ಬೆಳಗು ಮಾಡುತ್ತಾರೆ. ಒಬ್ಬರ ಕೈಗೆ ಮೂರು ಕಂಬಳಿ ಬಂದರೆ ಹಗಲು ಅದನ್ನು ಇಡುವುದು ಎಲ್ಲಿ?

ಇನ್ನೊಂದು ತುದಿಯಲ್ಲಿ "ಇವರನ್ನು ಎತ್ತಂಗಡಿ ಮಾಡಿ" ಅನ್ನುವವರಿದ್ದಾರೆ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ನಾವು ಆಸ್ತಿ ತೆರಿಗೆ ಕಟ್ಟುವಾಗ ಭಿಕ್ಷುಕರ ಕರ ಅಂತ 3% ಸೇರಿರುತ್ತದೆ. ಈ ಕಾನೂನಿನಡಿ ಕೂಲಿ ಮುಗಿಸಿ ಜಗಲಿಯಲ್ಲಿ ಮಲಗಿದವರನ್ನೂ ಗಾಡಿ ಹತ್ತಿಸಿಕೊಂಡು ಹೋಗಿದ್ದನ್ನು ಅವರ ಬಾಯಿಂದಲೇ ಕೇಳಿದ್ದೇನೆ. ಹಾಗೆ ಹಿಡಿದವರನ್ನು ಇಡುವ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಹಲವರು ಸತ್ತಿದ್ದು ರಾಜ್ಯವನ್ನೇ ನಡುಗಿಸಿತ್ತು. ದೆಹಲಿ ಹೈಕೋರ್ಟ್ 2018ರಲ್ಲಿ ಅಲ್ಲಿ ಭಿಕ್ಷೆಯನ್ನು ಅಪರಾಧ ಮಾಡಿದ್ದ ಕಲಮುಗಳನ್ನು ರದ್ದು ಮಾಡಿತು. ನಮ್ಮಲ್ಲೂ ಆ ಕರದ ದುಡ್ಡು, ಜನರನ್ನು ಹಿಡಿದು ಕೂಡಿಹಾಕುವ ಕಡೆಯಿಂದ ಊರೊಳಗಿನ ಕೇಂದ್ರಗಳ ಕಡೆ ತಿರುಗಬೇಕು ಅಂತ ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಕೇಂದ್ರದಿಂದ ಹೊರಗೆ ಹೋಗುವ ದಾರಿಯೂ ಬೇಕು. ಅಲ್ಲಿ ದೊಡ್ಡ ಅಡ್ಡಿ ಬಾಡಿಗೆ ಅಲ್ಲ, ಅಡ್ವಾನ್ಸ್. ತಿಂಗಳ ಬಾಡಿಗೆ ಕಟ್ಟುವ ಶಕ್ತಿ ಬಹಳ ಜನರಿಗಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಇಡಿ ಅಂದರೆ ಕೂಲಿಯವರು ಎಲ್ಲಿಂದ ತರಬೇಕು? ನಾವು ಮೂರು ನಾಲ್ಕು ಜನರನ್ನು ಜೊತೆ ಮಾಡಿ ಒಂದು ಕೋಣೆ ಹಿಡಿಸುತ್ತೇವೆ. ಅಡ್ವಾನ್ಸ್ ಅನ್ನು ದಾನಿಗಳ ನಿಧಿಯಿಂದ ಕೊಟ್ಟು, ಕಂತಿನಲ್ಲಿ ವಾಪಸ್ ಪಡೆಯುತ್ತೇವೆ. ಮಾರ್ಕೆಟ್‌ನ ಮಂಡಿ ಮಾಲೀಕರೊಬ್ಬರು ತಮ್ಮ ಹಮಾಲಿಗಳಿಗೆ ಜಾಮೀನು ನಿಂತಿದ್ದಾರೆ. ಕಂತು ತಪ್ಪಿಸಿದವರು ಕಮ್ಮಿ. ಹಾಗೆ ತಪ್ಪಿಸಿದವರಲ್ಲೂ ಹೆಚ್ಚಿನವರು ಕಾಯಿಲೆ ಬಿದ್ದವರು.

ಈಗ ಪಾಲಿಕೆಗೆ ನಮ್ಮ ಬೇಡಿಕೆ ಮಾರ್ಕೆಟ್ ಹತ್ತಿರ ದುಡಿಯುವವರಿಗೆ ಬಾಡಿಗೆ ಹಾಸ್ಟೆಲ್‌ಗಳು. ತಿಂಗಳ ಬಾಡಿಗೆ ಕಟ್ಟಿಸಿಕೊಳ್ಳಲಿ, ಅಡ್ವಾನ್ಸ್ ಕೇಳದಿರಲಿ. ಹೆಂಗಸರಿಗೆ ಬೇರೆ, ಮಕ್ಕಳಿರುವ ಸಂಸಾರಗಳಿಗೆ ಬೇರೆ. ಹತ್ತಿರದಲ್ಲಿ ಇಂದಿರಾ ಕ್ಯಾಂಟೀನ್ ಇದ್ದರೆ ಊಟದ ಚಿಂತೆಯೂ ಅರ್ಧ ಕಳೆಯುತ್ತದೆ. ಜಾಗ ಇಲ್ಲ ಅಂತ ಉತ್ತರ ಬಂದಿದೆ. ಹಾಗಾಗಿ ಮಾರ್ಕೆಟ್ ಸುತ್ತ ಖಾಲಿ ಬಿದ್ದಿರುವ ಸರ್ಕಾರಿ ಕಟ್ಟಡಗಳ ಪಟ್ಟಿಯನ್ನು ಕೇಂದ್ರದಲ್ಲಿರುವವರೇ ಸೇರಿ ಮಾಡುತ್ತಿದ್ದಾರೆ. ಯಾವ ಕಟ್ಟಡಕ್ಕೆ ರಾತ್ರಿ ಬೀಗ ಬಿದ್ದಿರುತ್ತದೆ, ಯಾವುದರಲ್ಲಿ ದೀಪ ಉರಿಯುವುದೇ ಇಲ್ಲ ಅನ್ನುವುದು ಅವರಷ್ಟು ಚೆನ್ನಾಗಿ ಯಾರಿಗೆ ಗೊತ್ತು? ಪಟ್ಟಿ ಮುಗಿದ ಮೇಲೆ ಅವರೇ ಅದನ್ನು ಪಾಲಿಕೆ ಕಚೇರಿಗೆ ಕೊಟ್ಟು ಬರುತ್ತಾರೆ.