ಗೋಟ್ ಫಾರ್ಮ್ಯಾಟ್‌ನಲ್ಲಿ ಬರ್ನ್ ಡೆಕ್: ದಾವಣಗೆರೆಯಿಂದ ನನ್ನ ಅನುಭವ

ಯು-ಗಿ-ಓ ಕಾರ್ಡ್ ಆಟದಲ್ಲಿ, ಕಾರ್ಡು ಕೂಡಿಟ್ಟು ನಿಧಾನವಾಗಿ ಗೆಲ್ಲುವ ಗೋಟ್ ಕಂಟ್ರೋಲ್ ಡೆಕ್ಕಿನ ಎದುರು, ಎದುರಾಳಿಯ ಲೈಫ್ ಪಾಯಿಂಟನ್ನು ಕಾರ್ಡುಗಳ ಪರಿಣಾಮದಿಂದಲೇ ಉರಿಸುವ ಬರ್ನ್ ಡೆಕ್ ಹಿಡಿದು ಕೂತವನು ಮೂರರಲ್ಲಿ ಒಂದು ಆಟ ಗೆದ್ದಾನೇ ಹೊರತು ಪಂದ್ಯ ಗೆಲ್ಲಲಾರ ಎಂಬ ಮಾತು ನಮ್ಮ ಗುಂಪಿನಲ್ಲಿ ಬಹಳ ಕಾಲ ನಡೆದುಬಂದಿತ್ತು. ಪಿ.ಜೆ. ಬಡಾವಣೆಯ ಗೆಳೆಯರೊಬ್ಬರ ಮನೆಯ ಮಹಡಿಯಲ್ಲಿ ಭಾನುವಾರ ಸೇರುವ ನಾವು ಆರೇಳು ಮಂದಿ ಯು-ಗಿ-ಓ ಹಳೆಯ ಫಾರ್ಮ್ಯಾಟ್‌ಗಳನ್ನು ಬಿಟ್ಟು ಬೇರೆ ಆಡುವವರಲ್ಲ. ಅವರಲ್ಲಿ ಹಿರಿಯರಾದವರು ನನ್ನ ಡೆಕ್ಕನ್ನು ಒಮ್ಮೆ ತಿರುವಿ ನೋಡಿ, "ಬಿಡಪ್ಪಾ, ಇದು ಸಣ್ಣ ಹುಡುಗರು ಆಡೋ ಡೆಕ್ಕು, ಇದ್ರಾಗೆ ಏನೈತಿ" ಎಂದಿದ್ದರು. ಅದೇ ಹಿರಿಯರ ಗೋಟ್ ಡೆಕ್ಕಿನ ಎದುರು ಕಳೆದ ಒಂದು ವರ್ಷದಲ್ಲಿ ನಾನು ಆಡಿದ ಸುಮಾರು ಅರವತ್ತು ಪಂದ್ಯಗಳಲ್ಲಿ ಮೂವತ್ತೇಳೋ ಮೂವತ್ತೆಂಟೋ ನನ್ನ ಪಾಲಿಗೆ ಬಂದಿವೆ. ಬರೆದಿಟ್ಟ ಹಾಳೆ ಮನೆ ಬದಲಿಸುವಾಗ ಎಲ್ಲೋ ಹೋಗಿರುವುದರಿಂದ ಇಲ್ಲಿನ ಲೆಕ್ಕವೆಲ್ಲ ನೆನಪಿನದು.

ಗೋಟ್ ಫಾರ್ಮ್ಯಾಟ್ ಎಂದರೆ 2005ರ ಏಪ್ರಿಲ್‌ನ ನಿಷೇಧಿತ ಕಾರ್ಡುಗಳ ಪಟ್ಟಿ, ದಿ ಲಾಸ್ಟ್ ಮಿಲೇನಿಯಂ ಸೆಟ್‌ವರೆಗಿನ ಕಾರ್ಡುಗಳು, ತಲಾ 8000 ಲೈಫ್ ಪಾಯಿಂಟ್; ಅದು ಸೊನ್ನೆಗಿಳಿದವನು ಸೋತಂತೆ. ಇನ್ನು ನೇರವಾಗಿ ನಾನು ಸೋತ ಬಗೆಗೆ ಬರುತ್ತೇನೆ.

ಆ ಒಂದು ವರ್ಷಕ್ಕೂ ಮುಂಚೆ, ಮೊದಲ ಆರು ತಿಂಗಳು ನಾನು ಮಾಡಿದ ತಪ್ಪು ಅವಸರದ್ದು. ಎದುರಾಳಿಯ ಮಾನ್‌ಸ್ಟರಿಗೆ 500ರಂತೆ ಉರಿಸುವ ಜಸ್ಟ್ ಡೆಸರ್ಟ್ಸ್ ಕಾರ್ಡು ಕೈಗೆ ಬಂದರೆ ಅದನ್ನು ಎದುರಾಳಿಯ ಬಳಿ ಒಂದೋ ಎರಡೋ ಮಾನ್‌ಸ್ಟರ್ ಇರುವಾಗಲೇ ತೆರೆದು 500, 1000 ಎಂದು ಕಳೆಯುತ್ತಾ ಹೋಗುತ್ತಿದ್ದೆ. ಸೀಕ್ರೆಟ್ ಬ್ಯಾರೆಲ್ ಕೂಡ ಹಾಗೆಯೇ, ಎರಡನೆಯ ಸರದಿಯಲ್ಲೇ ಖರ್ಚಾಗುತ್ತಿತ್ತು. ಎದುರಾಳಿ 3000ದ ಆಸುಪಾಸಿಗೆ ಇಳಿಯುವಷ್ಟರಲ್ಲಿ ನನ್ನ ಕೈ ಬರಿದಾಗಿ, ಆತ ಪಾಟ್ ಆಫ್ ಗ್ರೀಡ್, ಗ್ರೇಸ್‌ಫುಲ್ ಚಾರಿಟಿ, ಏರ್‌ನೈಟ್ ಪಾರ್ಷತ್ ಎಂದು ಕಾರ್ಡು ಎಳೆದುಕೊಂಡು ನಿಧಾನವಾಗಿ ನನ್ನನ್ನು ಮುಗಿಸುತ್ತಿದ್ದ. ಆ ಅವಧಿಯಲ್ಲಿ ನಲವತ್ತು ಚಿಲ್ಲರೆ ಪಂದ್ಯಗಳಲ್ಲಿ ಹನ್ನೊಂದನ್ನೋ ಹನ್ನೆರಡನ್ನೋ ಗೆದ್ದಿದ್ದೆ.

ಅದಕ್ಕೆ ಮದ್ದೆಂದು ತಡೆಯುವ ಕಾರ್ಡುಗಳನ್ನು ತುಂಬಿಸಿದೆ. ಗ್ರ್ಯಾವಿಟಿ ಬೈಂಡ್, ಲೆವೆಲ್ ಲಿಮಿಟ್ ಏರಿಯಾ ಬಿ, ಮೆಸೆಂಜರ್ ಆಫ್ ಪೀಸ್ ಮೂರೂ ಮೇಜಿನ ಮೇಲಿದ್ದರೆ ಕೋಟೆಯೊಳಗೆ ಕೂತಂತೆ ಎಂದುಕೊಂಡಿದ್ದೆ. ಆ ಕೋಟೆಗೂ ಒಂದು ಕಿಂಡಿ ಇತ್ತು. ಥೌಸಂಡ್-ಐಸ್ ರಿಸ್ಟ್ರಿಕ್ಟ್ ಒಂದನೆಯ ಲೆವೆಲ್ಲಿನ ಮಾನ್‌ಸ್ಟರ್ ಆದ್ದರಿಂದ ಮೇಲಿನ ಲೆವೆಲ್ಲಿನವರನ್ನಷ್ಟೇ ತಡೆಯುವ ಮೊದಲ ಎರಡು ಕಾರ್ಡುಗಳು ಅದನ್ನು ಮುಟ್ಟುವುದೇ ಇಲ್ಲ. ಅದು ಎದುರಾಳಿಯ ಮಾನ್‌ಸ್ಟರನ್ನು ನುಂಗಿ ಅದರ ಬಲವನ್ನೇ ಪಡೆಯುತ್ತದೆ; ತಿರುಗಿಸಿದಾಗ 1000 ಉರಿಸುವ ನನ್ನ ಹಕ್ಕಿ ಸ್ಟೆಲ್ತ್ ಬರ್ಡ್ ಅನ್ನು ನುಂಗಿದರೆ ಅದರ ಬಲ 700 ಮಾತ್ರವಾಗುತ್ತದೆ. 1500 ಅಥವಾ ಅದಕ್ಕಿಂತ ಹೆಚ್ಚಿನ ಬಲದವರನ್ನಷ್ಟೇ ತಡೆಯುವ ಮೆಸೆಂಜರ್ ಕೂಡ ಆಗ ನಿರುಪಯೋಗಿ. ಸರದಿಗೆ 700ರಂತೆ ಹೊಡೆತ ತಿಂದು, ಕೈತುಂಬ ತಡೆಯುವ ಕಾರ್ಡುಗಳನ್ನೇ ಹಿಡಿದುಕೊಂಡು ಸೋತ ಆಟಗಳು ನನಗೆ ಇಂದಿಗೂ ನೋವು ಕೊಡುತ್ತವೆ.

ಮೂರನೆಯದು ಲಾವಾ ಗೋಲೆಮ್. ಎದುರಾಳಿಯ ಎರಡು ಕುರಿಗಳನ್ನು (ಸ್ಕೇಪ್‌ಗೋಟ್ ಕಾರ್ಡಿನಿಂದ ಬರುವ ನಾಲ್ಕು ಟೋಕನ್ ಮಾನ್‌ಸ್ಟರ್‌ಗಳಲ್ಲಿ ಎರಡನ್ನು) ಬಲಿ ಕೊಟ್ಟು 3000 ಬಲದ ಗೋಲೆಮ್ ಅನ್ನು ಆತನ ಅಂಗಳಕ್ಕೆ ಕಳಿಸಿ, ಗ್ರ್ಯಾವಿಟಿ ಬೈಂಡ್ ಕೆಳಗೆ ಕಟ್ಟಿಹಾಕಿ, ಸರದಿಗೆ 1000 ಉರಿಸುವುದು ಕೇಳಲು ಚೆನ್ನಾಗಿದೆ. ಆದರೆ ಹಿರಿಯರು ಅದೇ ಗೋಲೆಮ್ ಅನ್ನು ಬಲಿ ಕೊಟ್ಟು ಮೋಬಿಯಸ್ ಅನ್ನು ಕರೆದರು. ಒಂದೇ ಏಟಿಗೆ ನನ್ನ ಗ್ರ್ಯಾವಿಟಿ ಬೈಂಡ್ ಮತ್ತು ಸರದಿಯಿಂದ ಸರದಿಗೆ ಉರಿ ಬೆಳೆಯುತ್ತಿದ್ದ ವೇವ್-ಮೋಷನ್ ಕ್ಯಾನನ್ ಎರಡೂ ಹೋದವು. ಕುರಿಗಳನ್ನು ಹೀಗೆ ಬಲಿ ಕೊಟ್ಟು ದೊಡ್ಡ ಮಾನ್‌ಸ್ಟರ್ ಕರೆಯಲು (ಟ್ರಿಬ್ಯೂಟ್ ಸಮನ್‌ಗೆ) ಬಳಸಲು ಅವರಿಗೆ ಆಗುವುದಿಲ್ಲ. ಅವರಲ್ಲಿ ಇಲ್ಲದಿದ್ದ ಬಲಿಯನ್ನು ನಾನೇ ಕೈಯಾರೆ ಒದಗಿಸಿದ್ದೆ.

ಹಣದ ಮಾತನ್ನೂ ಹೇಳಬೇಕು. ಬರ್ನ್ ಅಗ್ಗದ ಡೆಕ್ ಎಂಬುದು ನಿಜವೇ, ಆದರೆ ತಪ್ಪು ದಾರಿ ಹಿಡಿದವನಿಗೆ ಯಾವುದೂ ಅಗ್ಗವಲ್ಲ. ಬೇಡದ ಕಾರ್ಡುಗಳಿಗೆ, ಕೊರಿಯರ್‌ಗೆ, ಅಳತೆ ತಪ್ಪಿದ ಸ್ಲೀವ್‌ಗಳಿಗೆ ಸೇರಿ ಮೂರೂವರೆ ಸಾವಿರದಷ್ಟು ಕಳೆದುಕೊಂಡೆ. ದೊಡ್ಡ ಅಳತೆಯ ಸ್ಲೀವಿನಲ್ಲಿ ನಮ್ಮ 59×86 ಮಿಲಿಮೀಟರ್ ಕಾರ್ಡು ಅಲುಗಾಡುತ್ತದೆ, ಕಲೆಸುವಾಗ ಅಂಚು ಮಡಚಿಕೊಳ್ಳುತ್ತದೆ. ಒಬ್ಬ ಮಾರಾಟಗಾರ ಅಸಲಿ ಎಂದು ಹೇಳಿ ಕಳಿಸಿದ ಕಟ್ಟಿನಲ್ಲಿ ಅರ್ಧದಷ್ಟು ನಕಲಿಯಾಗಿದ್ದವು, ಹಣ ಹಿಂದಿರುಗಲಿಲ್ಲ. ಆಮೇಲೆ ಬುದ್ಧಿ ಬಂದು, ಯಾವ ಕಾರ್ಡನ್ನೂ ಕೊಳ್ಳುವ ಮೊದಲು ಎ4 ಹಾಳೆಗೆ ಒಂಬತ್ತರಂತೆ ಬಣ್ಣದ ಜೆರಾಕ್ಸ್ ತೆಗೆಸಿ, ಕತ್ತರಿಸಿ, ಹಳೆಯ ಕಾರ್ಡಿನ ಮುಂದೆ ಸೇರಿಸಿ ಇಪ್ಪತ್ತು ಆಟವಾದರೂ ಆಡಿ ನೋಡುತ್ತಿದ್ದೆ. ಈಗಿರುವ ಡೆಕ್ಕಿಗೆ ಅದಾದ ಮೇಲೆ ತಗುಲಿದ್ದು ಒಂದು ಸಾವಿರದ ಒಳಗೆ.

ಕಣ್ಣು ತೆರೆಸಿದ್ದು ಒಂದು ಸರಳ ಎಣಿಕೆ. ಗೋಟ್ ಕಂಟ್ರೋಲ್ ಆಡುವವನ ಸಂತೋಷವೆಲ್ಲ ಕೂಡಿಡುವುದರಲ್ಲಿದೆ. ಕೈಯಲ್ಲಿ ಐದು, ಅಂಗಳದಲ್ಲಿ ನಾಲ್ಕೈದು ಕಾರ್ಡು ಇದ್ದರೆ ತಾನು ಗೆಲ್ಲುತ್ತಿದ್ದೇನೆ ಎಂದು ಆತ ನಂಬುತ್ತಾನೆ, ಉಳಿದ ಎಲ್ಲ ಡೆಕ್ಕುಗಳ ಎದುರೂ ಆ ನಂಬಿಕೆ ಸರಿಯಾದದ್ದೇ. ಆದರೆ ಸೀಕ್ರೆಟ್ ಬ್ಯಾರೆಲ್ ಆತನ ಕೈಯನ್ನೂ ಅಂಗಳವನ್ನೂ ಸೇರಿಸಿ ಕಾರ್ಡಿಗೆ 200ರಂತೆ ಲೆಕ್ಕ ಹಾಕುತ್ತದೆ. ಜಸ್ಟ್ ಡೆಸರ್ಟ್ಸ್ ಮಾನ್‌ಸ್ಟರಿಗೆ 500ರಂತೆ, ಕುರಿ ಟೋಕನ್‌ಗಳನ್ನೂ ಬಿಡದೆ ಎಣಿಸುತ್ತದೆ. ಸ್ಕೇಪ್‌ಗೋಟ್ ಒಂದರಿಂದಲೇ ನನ್ನ 500ರ ಕಾರ್ಡು 2000ದ ಕಾರ್ಡಾಗುತ್ತದೆ. ಅಂದ ಮೇಲೆ ಆತ ಕೂಡಿಡುವುದನ್ನು ನಾನು ತಡೆಯಬೇಕಾಗಿಯೇ ಇಲ್ಲ, ಕೂಡಿಡಲು ಬಿಡಬೇಕು. ಇದರ ಮೇಲೆ ಡೆಲಿಂಕ್ವೆಂಟ್ ಡ್ಯುಯೊಗೆ 1000, ಪ್ರಿಮೆಚ್ಯೂರ್ ಬರಿಯಲ್‌ಗೆ 800 ಎಂದು ಆತನೇ ತನ್ನ ಲೈಫ್ ಪಾಯಿಂಟ್‌ನಿಂದ ಕೊಡುತ್ತಾನೆ. ಎರಡನ್ನೂ ಆಡಿದರೆ ನಾನು ಉರಿಸಬೇಕಾದದ್ದು 6200 ಮಾತ್ರ.

ಈ ಕ್ರಮ ಫಲಿಸಿದ ಮೊದಲ ದೊಡ್ಡ ಆಟ ನನಗೆ ಕಾರ್ಡು ಕಾರ್ಡಾಗಿ ನೆನಪಿದೆ. ಹಿರಿಯರು ಡ್ಯುಯೊ ಆಡಿ 7000ಕ್ಕೆ ಬಂದಿದ್ದರು, ಸ್ಟೆಲ್ತ್ ಬರ್ಡ್ ಒಮ್ಮೆ ತಿರುಗಿ 6000 ಆಗಿತ್ತು. ಆಮೇಲೆ ಸ್ಕೇಪ್‌ಗೋಟ್ ಬಂತು, ಒಂದು ಕುರಿ ಮೆಟಾಮಾರ್ಫಸಿಸ್‌ನಿಂದ ಥೌಸಂಡ್-ಐಸ್ ಆಯಿತು, ಅದು ನನ್ನ ಹಕ್ಕಿಯನ್ನು ನುಂಗಿತು. ನನ್ನ ಬದಿಯಲ್ಲಿ ಗ್ರ್ಯಾವಿಟಿ ಬೈಂಡ್ ಒಂದು, ಮುಚ್ಚಿಟ್ಟ ಕಾರ್ಡು ಮೂರು. ನಾಲ್ಕು ಸರದಿಯಿಂದ ಅವನ್ನು ಮುಟ್ಟಿರಲಿಲ್ಲ, 700, 700 ಎಂದು ಹೊಡೆತ ತಿನ್ನುತ್ತಲೇ ಇದ್ದೆ. ಕೊನೆಗೆ ಅವರು ಮುಚ್ಚಿಟ್ಟ ಕಾರ್ಡುಗಳನ್ನೆಲ್ಲ ಒಡೆಯುವ ಹೆವಿ ಸ್ಟಾರ್ಮ್ ಇಟ್ಟರು. ಆಗ ಅವರ ಕೈಯಲ್ಲಿ ಐದು, ಥೌಸಂಡ್-ಐಸ್ ಮತ್ತು ಮೂರು ಕುರಿ ಸೇರಿ ನಾಲ್ಕು, ಅವರ ಬದಿಯಲ್ಲೇ ಇದ್ದ ನನ್ನ ಹಕ್ಕಿ ಒಂದು, ಮೇಜಿನ ಮೇಲಿನ ಹೆವಿ ಸ್ಟಾರ್ಮ್ ಒಂದು: ಒಟ್ಟು ಹನ್ನೊಂದು. ಸ್ಟಾರ್ಮ್‌ಗೆ ಚೈನ್ ಆಗಿ, ಅಂದರೆ ಅದು ಫಲಿಸುವ ಮೊದಲೇ, ಸೀಕ್ರೆಟ್ ಬ್ಯಾರೆಲ್ ತೆರೆದೆ, 2200. ಅದರ ಮೇಲೆ ಎರಡು ಜಸ್ಟ್ ಡೆಸರ್ಟ್ಸ್, ತಲಾ 2000. ಒಟ್ಟು 6200. ಹಿರಿಯರು ಕಾರ್ಡುಗಳನ್ನು ತಾವೇ ಇನ್ನೊಮ್ಮೆ ಎಣಿಸಿ, ಏನೂ ಹೇಳದೆ ಎರಡನೆಯ ಆಟಕ್ಕೆ ಡೆಕ್ ಕಲೆಸಿದರು. ಆ ಪಂದ್ಯವನ್ನು ನಾನು 2-0ಯಿಂದ ಗೆದ್ದೆ.

ಕಾಯುವುದಕ್ಕೆ ಒಂದೇ ಶತ್ರು, ಜಿಂಜೊ. ಅದು ಬಂದು ನಿಂತ ಮೇಲೆ ಬ್ಯಾರೆಲ್, ಡೆಸರ್ಟ್ಸ್‌ನಂಥ ಮುಚ್ಚಿಟ್ಟು ತೆರೆಯುವ ನನ್ನ ಟ್ರ್ಯಾಪ್ ಕಾರ್ಡು ಯಾವುದೂ ನಡೆಯುವುದಿಲ್ಲ. ಜಿಂಜೊ ಬರುವ ಸೂಚನೆಯನ್ನು ನಾನು ಎದುರಾಳಿಯ ಹಿಂದಿನ ಸರದಿಯಲ್ಲೇ ಗುರುತಿಸುವ ಬಗೆಯೊಂದಿದೆ. ಅದನ್ನೂ, ಯಾವ ಕಾರ್ಡಿನ ಎಷ್ಟು ಪ್ರತಿ ಇಟ್ಟಿದ್ದೇನೆ ಎಂಬುದನ್ನೂ, ಆಟಗಳ ನಡುವೆ ಬದಲಿಸಿಕೊಳ್ಳುವ ಸೈಡ್ ಡೆಕ್ಕಿನ ನಾಲ್ಕು ಕಾರ್ಡುಗಳನ್ನೂ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಭಾನುವಾರ ನನಗೆ ಎದುರು ಕೂರುವವರು ಇದನ್ನು ಖಂಡಿತ ಓದುತ್ತಾರೆ. ಮುಚ್ಚಿಟ್ಟ ಮಾನ್‌ಸ್ಟರನ್ನು ಆಟದಿಂದಲೇ ತೆಗೆಯುವ ನೋಬಲ್‌ಮನ್ ಆಫ್ ಕ್ರಾಸ್‌ಔಟ್ ಬಗ್ಗೆ ಮಾತ್ರ ಹೇಳುತ್ತೇನೆ. ನನ್ನ ಡೆಸ್ ಕೋಲಾ ‘ಫ್ಲಿಪ್’ ಎಂಬ ವರ್ಗದ ಮಾನ್‌ಸ್ಟರ್ ಆದ್ದರಿಂದ ಕ್ರಾಸ್‌ಔಟ್‌ಗೆ ಸಿಕ್ಕಿದರೆ ಡೆಕ್ಕಿನಲ್ಲಿರುವ ಅದರ ಉಳಿದ ಪ್ರತಿಗಳೂ ಹೋಗುತ್ತವೆ. ಸ್ಟೆಲ್ತ್ ಬರ್ಡ್ ಫ್ಲಿಪ್ ಮಾನ್‌ಸ್ಟರ್ ಅಲ್ಲ, ಸಿಕ್ಕ ಒಂದೇ ಹೋಗುತ್ತದೆ. ಆದ್ದರಿಂದ ಮೊದಲ ಸರದಿಯಲ್ಲಿ ನಾನು ಕೋಲಾವನ್ನು ಎಂದೂ ಮುಚ್ಚಿಡುವುದಿಲ್ಲ.

ವಾರಿಯರ್ ಡೆಕ್ಕುಗಳ ಎದುರು ಈ ಕ್ರಮ ನಡೆಯುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಅವರು ಕೂಡಿಡುವವರಲ್ಲ, ಅಂಗಳದಲ್ಲಿ ಒಂದಿಬ್ಬರನ್ನಷ್ಟೇ ಇಟ್ಟು ಹೊಡೆಯುತ್ತಾ ಬರುತ್ತಾರೆ, ನನ್ನ ಬ್ಯಾರೆಲ್ 1000 ದಾಟುವುದು ಕಷ್ಟ. ಅಲ್ಲಿ ತಡೆಯುವ ಕಾರ್ಡುಗಳೇ ಗತಿ. ಮೆಸೆಂಜರ್ 1500 ಬಲದ ಡಿ.ಡಿ. ವಾರಿಯರ್ ಲೇಡಿಯನ್ನು ನಿಲ್ಲಿಸುತ್ತದೆ, 1400ರ ಡಾನ್ ಜಲೂಗ್ ಅದರಡಿಯಲ್ಲೇ ನುಸುಳಿ ಬಂದು ಕೈಯ ಕಾರ್ಡು ಕಿತ್ತುಕೊಳ್ಳುತ್ತಾನೆ. ಇಪ್ಪತ್ತೈದು ಪಂದ್ಯಗಳಲ್ಲಿ ಹತ್ತನ್ನು ಗೆದ್ದಿರಬಹುದು. ಇದೇ ಉಪಾಯವನ್ನು ಎಡಿಸನ್ ಫಾರ್ಮ್ಯಾಟ್‌ಗೂ ಒಯ್ದು ನೋಡಿದೆ. 2010ರ ಆ ಕಾರ್ಡುಗಳ ನಡುವೆ ಲೈಟ್‌ಸ್ವಾರ್ನ್ ಆಡುವವರು ಜಡ್ಜ್‌ಮೆಂಟ್ ಡ್ರ್ಯಾಗನ್ ಇಳಿಸಿ, 1000 ಕೊಟ್ಟು, ಮೇಜಿನ ಮೇಲಿನದೆಲ್ಲವನ್ನೂ ಗುಡಿಸಿಬಿಡುತ್ತಾರೆ, ಕೂಡಿಡುವವರೆಗೆ ಕಾಯಲು ಅವಕಾಶವೇ ಸಿಗಲಿಲ್ಲ. ಎರಡು ವಾರದಲ್ಲಿ ಬಿಟ್ಟೆ.

ಈಗ ಹಿರಿಯರು ಎರಡನೆಯ ಆಟಕ್ಕೆ ಸ್ಕೇಪ್‌ಗೋಟ್‌ಗಳನ್ನು ಡೆಕ್ಕಿನಿಂದ ಹೊರಗೆ ತೆಗೆಯಲು ಆರಂಭಿಸಿದ್ದಾರೆ. ಕುರಿಯಿಲ್ಲದಿದ್ದರೂ ಸಿನಿಸ್ಟರ್ ಸರ್ಪೆಂಟ್ ಒಂದನೆಯ ಲೆವೆಲ್ಲಿನದು, ಅದನ್ನೇ ಮೆಟಾಮಾರ್ಫಸಿಸ್‌ಗೆ ಕೊಟ್ಟು ಥೌಸಂಡ್-ಐಸ್ ತರುತ್ತಾರೆ, ಮರುಸರದಿಗೆ ಸರ್ಪೆಂಟ್ ಅವರ ಕೈಗೆ ಹಿಂದಿರುಗಿರುತ್ತದೆ. ಹೀಗೆ ಆಡಿದ ಒಂಬತ್ತು ಆಟಗಳಲ್ಲಿ ಐದು ನನ್ನವು, ನಾಲ್ಕು ಅವರವು. ಸರ್ಪೆಂಟ್ ಹಿಂದಿರುಗಿ ಬಂದಷ್ಟೂ ಅವರ ಕೈಯಲ್ಲಿ ಒಂದು ಕಾರ್ಡು ಹೆಚ್ಚಿರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದು, ಈ ಭಾನುವಾರಕ್ಕೆ ಒಂದು ಜಸ್ಟ್ ಡೆಸರ್ಟ್ಸ್ ತೆಗೆದು ಇನ್ನೊಂದು ಸೀಕ್ರೆಟ್ ಬ್ಯಾರೆಲ್ ಹಾಕಿದ್ದೇನೆ.