ಕೂಸು ಹುಟ್ಟುವ ಮುಂಚೆ ಕುಲಾವಿ: ಇಂಗ್ಲೆಂಡಿನ ಹೊಸ ಸ್ಟೇಡಿಯಂ ಸುದ್ದಿಗಳನ್ನು ಅಳೆಯುವುದು ಹೇಗೆ

2025ರ ಮಾರ್ಚ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಒಂದು ಲಕ್ಷ ಆಸನಗಳ ಹೊಸ ಸ್ಟೇಡಿಯಂನ ಚಿತ್ರಗಳನ್ನು ಹೊರಬಿಟ್ಟಿತು. ಮೇಲ್ಛಾವಣಿಯನ್ನು ಎತ್ತಿ ಹಿಡಿದ ಮೂರು ಕಂಬಗಳಿಗೆ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಇಟ್ಟ ಹೆಸರು ತ್ರಿಶೂಲ. ಅದೇ ವರ್ಷದ ನವೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿ ಕ್ಲಬ್ಬಿನ ಸರದಿ: 62,000 ಆಸನ, ಸುತ್ತ ಹನ್ನೆರಡು ಚಿಮಣಿಗಳು. ಎರಡೂ ಸಲ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿದ ಪ್ರಶ್ನೆಗಳು ಒಂದೇ. ಯಾವ ವರ್ಷ ಶುರು? ಸೀಸನ್ ಟಿಕೆಟ್ ಸುಲಭವಾಗುತ್ತದಾ? ಈಗಲೇ ಹತ್ತಿರ ಮನೆ ತಗೊಂಡರೆ ಲಾಭವಾ?

ಈ ದೇಶದಲ್ಲಿ ಚಿತ್ರಕ್ಕೆ ಕಾನೂನಿನ ಕಣ್ಣಲ್ಲಿ ಚಿಕ್ಕಾಸಿನ ಬೆಲೆಯೂ ಇಲ್ಲ. ಊರಲ್ಲಿ ಮಂತ್ರಿಗಳು ಅಡಿಗಲ್ಲು ಹಾಕಿದ ದಿನವೇ ಯೋಜನೆ ಶುರುವಾಯಿತು ಎಂದುಕೊಂಡು ಬೆಳೆದವರು ನಾವು. ಇಲ್ಲಿ ಪ್ರಧಾನಿಯೋ ಮೇಯರೋ ಹೊಗಳಿ ಹೇಳಿಕೆ ಕೊಟ್ಟರೂ ಅದು ಅನುಮತಿಯಲ್ಲ. ಅನುಮತಿ ಕೊಡುವುದು ಆ ಜಾಗ ಯಾವ ಕೌನ್ಸಿಲ್ ಗಡಿಯೊಳಗಿದೆಯೋ ಆ ಕೌನ್ಸಿಲ್. ಅಲ್ಲೇ ಹಲವರು ಎಡವುತ್ತಾರೆ: ಯುನೈಟೆಡ್‌ನ ಸ್ಟೇಡಿಯಂ ಓಲ್ಡ್ ಟ್ರ್ಯಾಫರ್ಡ್ ಇರುವುದು ಟ್ರ್ಯಾಫರ್ಡ್ ಕೌನ್ಸಿಲ್‌ನಲ್ಲಿ, ಮ್ಯಾಂಚೆಸ್ಟರ್ ಸಿಟಿ ಕೌನ್ಸಿಲ್‌ನಲ್ಲಿ ಅಲ್ಲ. ತಪ್ಪು ಕೌನ್ಸಿಲ್‌ನ ಜಾಲತಾಣದಲ್ಲಿ ಹುಡುಕಿ ‘ಏನೂ ಇಲ್ಲವಲ್ಲ’ ಎನ್ನುವವರು ಕಡಿಮೆಯಿಲ್ಲ.

ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡಿನ ನಿಯಮ. ಸ್ಕಾಟ್ಲೆಂಡ್, ವೇಲ್ಸ್‌ನವರಿಗೆ ಕಾನೂನೇ ಬೇರೆ.

ಮೊದಲ ಸುಳಿವು ಎಲ್ಲಿ ಸಿಗುತ್ತದೆ

ಪ್ರತಿ ಕೌನ್ಸಿಲ್‌ಗೂ ಕಟ್ಟಡ ಅನುಮತಿಯ ಅರ್ಜಿಗಳನ್ನು ದಾಖಲಿಸುವ ಪ್ಲ್ಯಾನಿಂಗ್ ರಿಜಿಸ್ಟರ್ ಎಂಬ ಉಚಿತ ಆನ್‌ಲೈನ್ ದಾಖಲೆ ಇರುತ್ತದೆ. ಪೋಸ್ಟ್‌ಕೋಡ್ ಹಾಕಿದರೆ ಸುತ್ತಲಿನ ಅರ್ಜಿಗಳೆಲ್ಲ ಬರುತ್ತವೆ. ಇನ್ನೂ ಕಟ್ಟದ ಜಾಗಕ್ಕೆ ಪೋಸ್ಟ್‌ಕೋಡ್ ಇರದಿದ್ದರೆ ನಕ್ಷೆಯಲ್ಲಿ ಹುಡುಕಿ. ಸ್ಟೇಡಿಯಂನಂಥ ದೊಡ್ಡ ಯೋಜನೆಯಲ್ಲಿ ಪೂರ್ಣ ಅರ್ಜಿಗೂ ಮೊದಲು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ‘ಸ್ಕೋಪಿಂಗ್ ಒಪೀನಿಯನ್’ ಕೋರಿಕೆ. ಪರಿಸರ ಪರಿಣಾಮದ ವರದಿಯಲ್ಲಿ ಏನೇನು ಇರಬೇಕು ಎಂದು ಕ್ಲಬ್ಬು ಕೌನ್ಸಿಲನ್ನು ಕೇಳುವ ಕಾಗದ ಅದು. ಉತ್ತರಕ್ಕೆ ಕೌನ್ಸಿಲ್‌ಗೆ ಐದು ವಾರ. ಚಿತ್ರಗಳು ಬಂದು ವರ್ಷವಾದರೂ ಈ ಕಾಗದ ಬಂದಿಲ್ಲವೆಂದರೆ ಯೋಜನೆ ಬಹುಶಃ ಇನ್ನೂ ಮಾತಿನ ಹಂತದಲ್ಲೇ ಇದೆ. ಬಂದಿದ್ದರೆ ಎಂಜಿನಿಯರುಗಳಿಗೆ ಸಂಬಳ ಓಡುತ್ತಿದೆ ಎಂದು ತಿಳಿಯಬಹುದು.

ಇದೇ ಹೊತ್ತಿಗೆ ಕ್ಲಬ್ಬು ತನ್ನದೇ ‘ಸಾರ್ವಜನಿಕ ಸಮಾಲೋಚನೆ’ ನಡೆಸುತ್ತದೆ. ಹಾಲ್ ಬಾಡಿಗೆಗೆ ಹಿಡಿದು ಮಾದರಿ ಇಟ್ಟು ಕಾಫಿ ಕೊಡುತ್ತಾರೆ, ಹೋಗಿ ನೋಡಿ. ಆದರೆ ಅಲ್ಲಿ ತುಂಬಿ ಕೊಟ್ಟ ಫಾರಂ ಹೋಗುವುದು ಕ್ಲಬ್ಬಿಗೆ. ಅದರ ಸಾರಾಂಶವನ್ನು ಕ್ಲಬ್ಬು ತನ್ನ ಅರ್ಜಿಯ ಜೊತೆ ಲಗತ್ತಿಸುತ್ತದೆ ಅಷ್ಟೇ. ಕೌನ್ಸಿಲ್ ಮುಂದೆ ನಿಮ್ಮ ಆಕ್ಷೇಪಣೆಯೋ ಬೆಂಬಲವೋ ದಾಖಲಾಗಬೇಕಾದರೆ ಅರ್ಜಿ ಬಂದ ಮೇಲೆ ಮತ್ತೆ ಬರೆಯಬೇಕು.

ಅರ್ಜಿ ಎರಡು ಬಗೆ. ‘ಔಟ್‌ಲೈನ್’ ಎಂದಿದ್ದರೆ ತತ್ವಕ್ಕಷ್ಟೇ ಒಪ್ಪಿಗೆ ಕೇಳಿದ್ದಾರೆ. ನೋಟ, ಎತ್ತರ, ದಾರಿ, ವಿನ್ಯಾಸ, ಗಿಡಮರಗಳ ವಿವರ ಆಮೇಲೆ ‘ರಿಸರ್ವ್ಡ್ ಮ್ಯಾಟರ್ಸ್’ ಆಗಿ ಬರುತ್ತದೆ. ‘ಫುಲ್’ ಎಂದಿದ್ದರೆ ಎಲ್ಲವೂ ಒಮ್ಮೆಗೇ. ಸ್ಟೇಡಿಯಂಗೆ ಫುಲ್, ಪಕ್ಕದ ಮನೆ-ಹೋಟೆಲುಗಳಿಗೆ ಔಟ್‌ಲೈನ್ ಎಂದು ಬೆರೆಸಿದ್ದಕ್ಕೆ ‘ಹೈಬ್ರಿಡ್’ ಎನ್ನುತ್ತಾರೆ. ‘ಔಟ್‌ಲೈನ್ ಪಾಸಾಯ್ತು’ ಎಂಬ ಸುದ್ದಿಗೆ ಪಟಾಕಿ ಹಚ್ಚುವ ಮುನ್ನ ಈ ಭೇದ ನೆನಪಿರಲಿ.

ನಿಮ್ಮ ಅಭಿಪ್ರಾಯಕ್ಕೆ ತೂಕ ಬರುವುದು ಯಾವಾಗ

ಸಾಮಾನ್ಯ ಅರ್ಜಿಗೆ ಪ್ರತಿಕ್ರಿಯೆಯ ಅವಧಿ 21 ದಿನ. ಪರಿಸರ ವರದಿ ಜೊತೆಗಿದ್ದರೆ 30 ದಿನ, ಸ್ಟೇಡಿಯಂಗಳಿಗೆ ಹೆಚ್ಚಾಗಿ ಇದೇ ಅನ್ವಯ. ತೀರ್ಮಾನಕ್ಕೆ ಕೌನ್ಸಿಲ್‌ಗಿರುವ ಗಡುವು ಕಾಗದದಲ್ಲಿ 16 ವಾರ. ಇಷ್ಟು ದೊಡ್ಡ ಅರ್ಜಿಗಳಲ್ಲಿ ಎರಡೂ ಕಡೆಯವರು ಒಪ್ಪಿ ಅದನ್ನು ಮುಂದೂಡುತ್ತಲೇ ಹೋಗುತ್ತಾರೆ.

ವೀಸಾ ಯಾವುದೇ ಇರಲಿ, ಯಾರು ಬೇಕಾದರೂ ಬರೆಯಬಹುದು. ಹೆಸರು, ವಿಳಾಸ ಕೊಡಬೇಕು. ಅವುಗಳಲ್ಲಿ ಏನು ಜಾಲತಾಣದಲ್ಲಿ ಎಲ್ಲರಿಗೂ ಕಾಣುತ್ತದೆ ಎಂಬುದನ್ನು ಕಳಿಸುವ ಮುನ್ನ ಆ ಪುಟದಲ್ಲೇ ಓದಿಕೊಳ್ಳಿ. ಬರಹದೊಳಗೆ ಫೋನ್ ನಂಬರ್, ಮಕ್ಕಳ ಶಾಲೆಯ ಹೆಸರು ಸೇರಿಸಬೇಡಿ.

ಏನು ಬರೆಯಬೇಕು ಎಂಬುದು ಇನ್ನೂ ಮುಖ್ಯ. ‘ನಮ್ಮ ಮನೆಯ ಬೆಲೆ ಬೀಳುತ್ತದೆ’, ‘ಕಿಟಕಿಯಿಂದ ಕಾಣುವ ನೋಟ ಹೋಗುತ್ತದೆ’, ‘ಕ್ಲಬ್ಬಿನ ಮಾಲೀಕ ಸರಿಯಿಲ್ಲ’ — ಈ ಮೂರನ್ನೂ ಅಧಿಕಾರಿ ಪಕ್ಕಕ್ಕಿಡುತ್ತಾರೆ. ಪ್ಲ್ಯಾನಿಂಗ್ ಕಾನೂನಿನಲ್ಲಿ ಅವಕ್ಕೆ ಜಾಗವಿಲ್ಲ. ಸಂಚಾರ, ಪಾರ್ಕಿಂಗ್, ಗದ್ದಲ, ರಾತ್ರಿಯ ದೀಪ, ನೆರಳು, ನೆರೆಹಾವಳಿ, ಪಾರಂಪರಿಕ ಕಟ್ಟಡ ಇವುಗಳಿಗಿದೆ. ‘ಟ್ರಾಫಿಕ್ ಜಾಸ್ತಿಯಾಗುತ್ತದೆ’ ಎಂಬ ಸಾಲಿಗಿಂತ ‘ಟ್ರಾನ್ಸ್‌ಪೋರ್ಟ್ ಅಸೆಸ್‌ಮೆಂಟ್‌ನಲ್ಲಿ ಕಾರಿನಲ್ಲಿ ಬರುವವರ ಪಾಲನ್ನು ಇಷ್ಟು ಎಂದು ಹಿಡಿದಿದ್ದೀರಿ, ವಾರದ ನಡುವಿನ ರಾತ್ರಿ ಪಂದ್ಯ ಮುಗಿಯುವಾಗ ಕೊನೆಯ ಟ್ರಾಮ್ ಹೋಗಿರುತ್ತದಲ್ಲ’ ಎಂಬ ಸಾಲು ಹತ್ತು ಪಟ್ಟು ಭಾರ. ಒಂದೇ ಪತ್ರವನ್ನು ನೂರು ಜನ ನಕಲು ಮಾಡಿ ಕಳಿಸುವುದರಿಂದ ಹೆಚ್ಚೇನೂ ಆಗದು, ಏಕೆಂದರೆ ಇದು ಮತದಾನವಲ್ಲ.

ಇನ್ನೊಂದು ವಿಷಯ ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲ. ಭಾರತದ ಪಾಸ್‌ಪೋರ್ಟ್ ಹೊಂದಿದ್ದರೂ ಇಲ್ಲಿ ಕಾನೂನುಬದ್ಧವಾಗಿ ವಾಸಿಸುವವರು ಕಾಮನ್‌ವೆಲ್ತ್ ಪ್ರಜೆಗಳೆಂಬ ನೆಲೆಯಲ್ಲಿ ಮತದಾರರಾಗಿ ನೋಂದಾಯಿಸಿಕೊಳ್ಳಬಹುದು. ಅಂದಮೇಲೆ ನಿಮ್ಮ ವಾರ್ಡಿನ ಕೌನ್ಸಿಲರ್ ನಿಮಗೂ ಉತ್ತರ ಕೊಡಬೇಕಾದವರೇ. ಆದರೆ ಅರ್ಜಿಯ ಮೇಲೆ ತೀರ್ಮಾನ ಮಾಡುವ ಪ್ಲ್ಯಾನಿಂಗ್ ಕಮಿಟಿಯಲ್ಲಿ ಕೂರುವ ಕೌನ್ಸಿಲರನ್ನು ಹಿಡಿದು ‘ನಮ್ಮ ಪರ ಓಟು ಹಾಕ್ತೀರಾ’ ಎಂದು ಕೇಳಬೇಡಿ. ಮೊದಲೇ ಮನಸ್ಸು ಮುಚ್ಚಿಕೊಂಡಿದ್ದರು ಎಂದು ಸಾಬೀತಾದರೆ ಇಡೀ ತೀರ್ಮಾನವೇ ಕೋರ್ಟಿನಲ್ಲಿ ಬೀಳಬಹುದು. ಕಮಿಟಿಯಲ್ಲಿಲ್ಲದ ವಾರ್ಡ್ ಕೌನ್ಸಿಲರ್ ಮೂಲಕ ಹೋಗಿ.

ಕಮಿಟಿ ಸಭೆಗೆ ಐದು ಪೂರ್ಣ ದಿನ ಮುಂಚೆ ಅಧಿಕಾರಿಗಳ ವರದಿ ಪ್ರಕಟವಾಗುತ್ತದೆ. ಸಮಯ ಕಡಿಮೆಯಿದ್ದವರು ನೂರಾರು ಕಡತಗಳನ್ನು ಬಿಟ್ಟು ಇದೊಂದನ್ನು ಓದಿದರೆ ಸಾಕು. ಶಿಫಾರಸು, ಷರತ್ತುಗಳು, ಯಾರು ವಿರೋಧಿಸಿದರು, ಅದಕ್ಕೆ ಅಧಿಕಾರಿಯ ಉತ್ತರ ಏನು, ಎಲ್ಲ ಒಂದೇ ಕಡೆ ಇರುತ್ತದೆ.

‘ಪಾಸಾಯ್ತು’ ಅಂದಮೇಲೂ ಬಾಕಿ ಇರುವುದು

ಕಮಿಟಿ ಕೈಯೆತ್ತಿದ ರಾತ್ರಿ ಅನುಮತಿ ಹುಟ್ಟುವುದಿಲ್ಲ. ರಸ್ತೆ, ಬಸ್ಸು, ಪಾರ್ಕಿಂಗ್ ನಿಯಂತ್ರಣ ಇತ್ಯಾದಿಗೆ ಕ್ಲಬ್ಬು ಹಣ ಕೊಡುವ ‘ಸೆಕ್ಷನ್ 106’ ಒಪ್ಪಂದಕ್ಕೆ ಸಹಿಯಾಗಬೇಕು. ಆಮೇಲೆ ‘ಡಿಸಿಷನ್ ನೋಟಿಸ್’ ಹೊರಬೀಳುತ್ತದೆ. ಅದರ ದಿನಾಂಕವೇ ಅನುಮತಿಯ ದಿನಾಂಕ. ಅಲ್ಲಿಂದ ಆರು ವಾರದೊಳಗೆ ಯಾರಾದರೂ ಜುಡಿಷಿಯಲ್ ರಿವ್ಯೂ ಕೇಳಿ ಹೈಕೋರ್ಟಿಗೆ ಹೋಗಬಹುದು. ನಿರಾಕರಣೆಯಾದರೆ ಕ್ಲಬ್ಬಿಗೆ ಮೇಲ್ಮನವಿಯ ಹಕ್ಕಿದೆ. ಒಪ್ಪಿಗೆಯಾದರೆ ನೆರೆಹೊರೆಯವರಿಗೆ ಆ ಹಕ್ಕಿಲ್ಲ, ಕೋರ್ಟೊಂದೇ ದಾರಿ. ಕೋರ್ಟೂ ‘ಸ್ಟೇಡಿಯಂ ಬೇಕೋ ಬೇಡವೋ’ ಎಂದು ನೋಡುವುದಿಲ್ಲ, ವಿಧಾನದಲ್ಲಿ ತಪ್ಪಾಗಿದೆಯೇ ಎಂದಷ್ಟೇ ನೋಡುತ್ತದೆ. ಬ್ರೈಟನ್ ಕ್ಲಬ್ಬಿನ ಫಾಲ್ಮರ್ ಸ್ಟೇಡಿಯಂಗೆ 2005ರಲ್ಲಿ ಸರ್ಕಾರವೇ ಒಪ್ಪಿಗೆ ಕೊಟ್ಟಿತ್ತು. ಒಪ್ಪಿಗೆ ಪತ್ರದಲ್ಲಿ ಜಾಗದ ಬಗ್ಗೆ ಬರೆದ ಒಂದು ತಪ್ಪಿನಿಂದ ಅದು ರದ್ದಾಯಿತು. ಮತ್ತೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ, ಬಾಗಿಲು ತೆರೆದದ್ದು 2011ರಲ್ಲಿ.

ಸರ್ಕಾರಕ್ಕೆ ‘ಕಾಲ್-ಇನ್’ ಅಧಿಕಾರವೂ ಇದೆ: ಕೌನ್ಸಿಲ್ ಕೈಯಿಂದ ಕಡತ ಕಿತ್ತುಕೊಂಡು, ವಿಚಾರಣೆ ನಡೆಸಿ, ಮಂತ್ರಿಯೇ ತೀರ್ಮಾನಿಸುವುದು. ಲಂಡನ್ನಿನಲ್ಲಾದರೆ ಮೇಯರ್ ಎಂಬ ಇನ್ನೊಂದು ಮೆಟ್ಟಿಲು.

ಇದನ್ನೆಲ್ಲ ಒಂದೇ ಕಡೆ ನೋಡಬೇಕೆಂದರೆ ಎವರ್ಟನ್ ಕತೆ ಸಾಕು. ಲಿವರ್‌ಪೂಲ್‌ನ ಕಿಂಗ್ಸ್ ಡಾಕ್‌ನಲ್ಲಿ 55,000 ಆಸನಗಳ ಯೋಜನೆ ದುಡ್ಡು ಹೊಂದದೆ 2003ರಲ್ಲಿ ಮುಳುಗಿತು. ಟೆಸ್ಕೋ ಜೊತೆ ಸೇರಿ ಕರ್ಕ್‌ಬಿಯಲ್ಲಿ ಕಟ್ಟಲು ಹೊರಟಾಗ ಸರ್ಕಾರ ಕಾಲ್-ಇನ್ ಮಾಡಿ 2009ರ ನವೆಂಬರ್‌ನಲ್ಲಿ ತಿರಸ್ಕರಿಸಿತು. ಮೂರನೆಯದು ಬ್ರ್ಯಾಮ್ಲಿ-ಮೂರ್ ಡಾಕ್. 2017ರಲ್ಲಿ ಜಾಗದ ಮಾತುಕತೆ ಕುದುರಿತು, 2019ರ ಜುಲೈನಲ್ಲಿ ಚಿತ್ರಗಳು, ಡಿಸೆಂಬರ್‌ನಲ್ಲಿ ಅರ್ಜಿ, 2020ರಲ್ಲಿ ತಿದ್ದುಪಡಿ, 2021ರ ಫೆಬ್ರವರಿಯಲ್ಲಿ ಕಮಿಟಿಯ ಸರ್ವಾನುಮತದ ಒಪ್ಪಿಗೆ, ಮಾರ್ಚ್‌ನಲ್ಲಿ ‘ಕಾಲ್-ಇನ್ ಮಾಡುವುದಿಲ್ಲ’ ಎಂದು ಸರ್ಕಾರದ ಮಾತು, ಆಗಸ್ಟ್‌ನಲ್ಲಿ ಕೆಲಸ ಶುರು. ಮೊದಲ ಲೀಗ್ ಪಂದ್ಯ 2025ರ ಆಗಸ್ಟ್ 24ರಂದು. ಚಿತ್ರದಿಂದ ಪಂದ್ಯಕ್ಕೆ ಆರು ವರ್ಷ, ಅದೂ ಜಾಗ ಕೈಯಲ್ಲಿದ್ದಾಗ. ಈ ಅಭಿವೃದ್ಧಿಗಳ ನಡುವೆ 2021ರ ಜುಲೈನಲ್ಲಿ ಲಿವರ್‌ಪೂಲ್ ತನ್ನ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟವನ್ನೂ ಕಳೆದುಕೊಂಡಿತು. ಯಾರಾದರೂ ‘ಐದು ವರ್ಷದಲ್ಲಿ ಮುಗಿಸುತ್ತೇವೆ’ ಎಂದಾಗ ಈ ದಿನಾಂಕಗಳನ್ನು ಪಕ್ಕದಲ್ಲಿಟ್ಟು ನೋಡಿ.

ಜಾಗವೇ ಗಂಟು

ಅನುಮತಿಗಿಂತ ಹೆಚ್ಚು ಯೋಜನೆಗಳನ್ನು ಕಾಡಿಸುವುದು ನೆಲ. ಇಂಗ್ಲೆಂಡಿನಲ್ಲಿ ತನ್ನದಲ್ಲದ ಜಾಗಕ್ಕೂ ಪ್ಲ್ಯಾನಿಂಗ್ ಅರ್ಜಿ ಹಾಕಬಹುದು, ಮಾಲೀಕನಿಗೆ ನೋಟಿಸು ಕೊಟ್ಟರಾಯಿತು. ಆದ್ದರಿಂದ ಅನುಮತಿ ಇದೆ ಎಂದಾಕ್ಷಣ ಜಾಗ ಇದೆ ಎಂದಲ್ಲ. ಲ್ಯಾಂಡ್ ರಿಜಿಸ್ಟ್ರಿಯ ಸರ್ಕಾರಿ ಜಾಲತಾಣದಲ್ಲಿ 7 ಪೌಂಡ್ ಕೊಟ್ಟರೆ ಒಂದು ಜಾಗದ ಟೈಟಲ್ ರಿಜಿಸ್ಟರ್ ಸಿಗುತ್ತದೆ. ನಮ್ಮ ಪಹಣಿ ತೆಗೆಸಿದ ಹಾಗೆ. ಅದೇ ಪ್ರತಿಗೆ ಹೆಚ್ಚು ದುಡ್ಡು ಕೀಳುವ ಖಾಸಗಿ ತಾಣಗಳು ಹುಡುಕಾಟದಲ್ಲಿ ಮೇಲೆ ಬರುತ್ತವೆ, ಎಚ್ಚರ. ಮಾಲೀಕ ಮಾರಲು ಒಪ್ಪದಿದ್ದರೆ ಕೌನ್ಸಿಲ್ ‘ಕಂಪಲ್ಸರಿ ಪರ್ಚೇಸ್’ ಮಾಡಬಹುದು, ಆದರೆ ಸಾರ್ವಜನಿಕ ಹಿತ ಗಟ್ಟಿಯಾಗಿದೆ ಎಂದು ತೋರಿಸಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಯುನೈಟೆಡ್ ವಿಷಯದಲ್ಲೂ 2025ರಲ್ಲಿ ಮಾತು ಸುತ್ತಿದ್ದು ಸ್ಟೇಡಿಯಂ ಬೆನ್ನಿಗಿರುವ ರೈಲು ಸರಕು ಟರ್ಮಿನಲ್‌ನ ಜಾಗದ ಸುತ್ತಲೇ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದಕ್ಕೆ ಚೆಲ್ಸಿ ಸಾಕ್ಷಿ. ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ 60,000 ಆಸನಗಳಿಗೆ 2017ರಲ್ಲಿ ಕೌನ್ಸಿಲೂ ಲಂಡನ್ ಮೇಯರೂ ಒಪ್ಪಿದರು. ನೆರೆಮನೆಯ ಕುಟುಂಬವೊಂದು ತಮ್ಮ ಕಿಟಕಿಗೆ ಬೆಳಕು ಬರುವ ಹಕ್ಕನ್ನು ಮುಂದಿಟ್ಟು ತಡೆಯಾಜ್ಞೆ ಕೋರಿ ಕೋರ್ಟಿಗೆ ಹೋಯಿತು. ಈ ಹಕ್ಕು ಪ್ಲ್ಯಾನಿಂಗ್‌ಗೆ ಸಂಬಂಧವಿಲ್ಲದ ಆಸ್ತಿ ಹಕ್ಕು, ಅನುಮತಿ ಅದನ್ನು ಅಳಿಸುವುದಿಲ್ಲ. 2018ರ ಜನವರಿಯಲ್ಲಿ ಕೌನ್ಸಿಲ್ ತನ್ನ ವಿಶೇಷ ಅಧಿಕಾರ ಬಳಸಿ ದಾರಿ ಮಾಡಿಕೊಡಲು ನಿರ್ಧರಿಸಿತು. ಮೇ ತಿಂಗಳಲ್ಲಿ ಕ್ಲಬ್ಬೇ ಯೋಜನೆಯನ್ನು ಕಪಾಟಿಗೆ ಸೇರಿಸಿತು. ಮೂರು ವರ್ಷದೊಳಗೆ ಕೆಲಸ ಶುರುವಾಗದ ಅನುಮತಿ ತಾನಾಗಿ ಸಾಯುತ್ತದೆ. 2020ರ ಮಾರ್ಚ್ 31ಕ್ಕೆ ಅದೂ ಸತ್ತಿತು.

ಒಂದು ಲಕ್ಷ ಜನ ಹೊರಗೆ ಬರುವುದು ಹೇಗೆ

‘ಇನ್ನೊಂದು ಹತ್ತು ಸಾವಿರ ಸೀಟು ಸೇರಿಸಬಹುದಿತ್ತು’ ಎನ್ನುವವರು ಲೆಕ್ಕ ಹಾಕಬೇಕಾದದ್ದು ಬಾಗಿಲುಗಳನ್ನು. ಕ್ರೀಡಾಂಗಣ ಸುರಕ್ಷತೆಗೆ ಇಲ್ಲಿ ‘ಗ್ರೀನ್ ಗೈಡ್’ ಎಂಬ ಕೈಪಿಡಿ ಇದೆ. ಅದರ ಪ್ರಕಾರ ಒಂದು ಟರ್ನ್‌ಸ್ಟೈಲ್‌ನಲ್ಲಿ (ಒಬ್ಬೊಬ್ಬರನ್ನೇ ಒಳಬಿಡುವ ತಿರುಗು ಗೇಟು) ಗಂಟೆಗೆ ಹೆಚ್ಚೆಂದರೆ 660 ಜನ ಎಂದು ಹಿಡಿಯಬೇಕು. ಒಂದು ಲಕ್ಷಕ್ಕೆ ಕನಿಷ್ಠ 152 ಟರ್ನ್‌ಸ್ಟೈಲ್. ಸಮತಟ್ಟು ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ, ಮೆಟ್ಟಿಲಲ್ಲಿ 66. ಎಂಟು ನಿಮಿಷದೊಳಗೆ ಎಲ್ಲರೂ ನಿರ್ಗಮನ ವ್ಯವಸ್ಥೆಯನ್ನು ಸೇರಬೇಕು. ಅಂದರೆ ಸಮತಟ್ಟಿನಲ್ಲಿ ಸುಮಾರು 152 ಮೀಟರ್, ಎಲ್ಲ ಮೆಟ್ಟಿಲೇ ಆದರೆ 190 ಮೀಟರ್ ಅಗಲದ ದಾರಿ ಬೇಕು. ಕೂರುವ ಜಾಗ, ಒಳಬರುವ ದಾರಿ, ಹೊರಹೋಗುವ ದಾರಿ, ತುರ್ತು ನಿರ್ಗಮನ — ಈ ನಾಲ್ಕರಲ್ಲಿ ಯಾವುದು ಅತಿ ಕಡಿಮೆಯೋ ಅದೇ ಸ್ಟೇಡಿಯಂನ ಸಾಮರ್ಥ್ಯ. ಕೂರುವ ಜಾಗದ ಲೆಕ್ಕವನ್ನು ಕಟ್ಟಡದ ಸ್ಥಿತಿಗೊಂದು, ನಿರ್ವಹಣೆಗೊಂದು ಅಂಕವನ್ನು ಸೊನ್ನೆಯಿಂದ ಒಂದರವರೆಗೆ ಕೊಟ್ಟು ಇಳಿಸಬಹುದು. ಸಿಬ್ಬಂದಿ ಸರಿಯಿಲ್ಲದಿದ್ದರೆ ಸೀಟು ಇದ್ದೂ ಮಾರುವಂತಿಲ್ಲ.

1989ರಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದ ಜನಜಂಗುಳಿ ದುರಂತ 97 ಜೀವ ತೆಗೆದುಕೊಂಡಿತು. ಇಲ್ಲಿನ ಬಿಗಿತದ ಹಿಂದೆ ಆ ನೆನಪಿದೆ. ಗೇಟಿನ ಹೊರಗಿನ ಬೀದಿ, ನಿಲ್ದಾಣದವರೆಗಿನ ದಾರಿಗೆ ‘ಜೋನ್ ಎಕ್ಸ್’ ಎಂದು ಹೆಸರಿಟ್ಟು ಕ್ಲಬ್ಬು, ಕೌನ್ಸಿಲ್, ಪೊಲೀಸ್, ರೈಲಿನವರು ಕೂಡಿ ಯೋಜನೆ ಮಾಡುತ್ತಾರೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಜನರನ್ನು ಕಳೆದುಕೊಂಡ ನಮಗೆ ಅದರ ಅಗತ್ಯವನ್ನು ವಿವರಿಸಬೇಕಿಲ್ಲ.

ಕಟ್ಟಡ ಮುಗಿದರೂ ಕೌನ್ಸಿಲ್ ಸೇಫ್ಟಿ ಸರ್ಟಿಫಿಕೇಟ್ ಕೊಡದೆ ಪಂದ್ಯವಿಲ್ಲ. ಅದಕ್ಕೆ ಮುನ್ನ ಪರೀಕ್ಷಾ ಪಂದ್ಯಗಳು: ಎವರ್ಟನ್ ತನ್ನ ಕಿರಿಯರ ಪಂದ್ಯಗಳಿಗೆ 2025ರ ಫೆಬ್ರವರಿಯಲ್ಲಿ 10,000 ಜನರನ್ನು, ಮಾರ್ಚ್‌ನಲ್ಲಿ 25,000 ಜನರನ್ನು ಬಿಟ್ಟು ನೋಡಿ, ಆಗಸ್ಟ್‌ನಲ್ಲಿ ರೋಮಾ ವಿರುದ್ಧ ಆಡಿ, ಆಮೇಲೆ ಲೀಗಿಗೆ ಇಳಿಯಿತು. ಹೊಸ ಸ್ಟೇಡಿಯಂ ಒಳಗೆ ಅಗ್ಗದಲ್ಲಿ ಕಾಲಿಡಬೇಕೆನ್ನುವವರು ಇಂಥ ಕಿರಿಯರ ಪಂದ್ಯಗಳ ಟಿಕೆಟ್‌ಗೆ ಕಣ್ಣಿಡಿ.

ಹತ್ತಿರ ಮನೆ ನೋಡುತ್ತಿರುವವರಿಗೆ: ಸಾಲಿಸಿಟರ್ ಮಾಡಿಸುವ ಲೋಕಲ್ ಅಥಾರಿಟಿ ಸರ್ಚ್ ನೀವು ಕೊಳ್ಳುವ ಆಸ್ತಿಗೆ ಸಂಬಂಧಿಸಿದ್ದನ್ನಷ್ಟೇ ತೋರಿಸುತ್ತದೆ. ಅರ್ಧ ಮೈಲಿ ಆಚೆಯ ಸ್ಟೇಡಿಯಂ ಅರ್ಜಿ ಅದರಲ್ಲಿ ಬರುವುದಿಲ್ಲ. ಪ್ರತ್ಯೇಕವಾಗಿ ಪ್ಲ್ಯಾನಿಂಗ್ ಸರ್ಚ್ ಕೇಳಿ, ಇಲ್ಲವೇ ರಿಜಿಸ್ಟರ್ ನೀವೇ ನೋಡಿ. ಪಂದ್ಯದ ದಿನದ ಪಾರ್ಕಿಂಗ್ ವಲಯ ಎಲ್ಲಿಯವರೆಗೆ ಹಬ್ಬಲಿದೆ, ಮನೆಯೊಂದಕ್ಕೆ ಎಷ್ಟು ಪರ್ಮಿಟ್, ಅತಿಥಿಗಳ ಪರ್ಮಿಟ್ ಉಚಿತವೇ, ವರ್ಷಕ್ಕೆ ಎಷ್ಟು ಸಂಗೀತ ಕಾರ್ಯಕ್ರಮಕ್ಕೆ ಅವಕಾಶ ಎಂಬುದೆಲ್ಲ ಷರತ್ತುಗಳಲ್ಲಿ, ಸೆಕ್ಷನ್ 106ರಲ್ಲಿ ಇರುತ್ತದೆ. ಯುಗಾದಿಯ ಊಟಕ್ಕೆ ಹತ್ತು ಕಾರು ಬರುವ ಮನೆಯವರು ಪರ್ಮಿಟ್ ಸಾಲನ್ನು ಎರಡು ಸಲ ಓದಿ. ಸಂಗೀತ ಕಾರ್ಯಕ್ರಮಗಳ ಸಂಖ್ಯೆ ಒಮ್ಮೆ ನಿಗದಿಯಾದರೂ ‘ಸೆಕ್ಷನ್ 73’ ಅರ್ಜಿ ಹಾಕಿ ಕ್ಲಬ್ಬು ಅದನ್ನು ಏರಿಸಲು ಕೇಳಬಹುದು. ಆಗ ಮತ್ತೆ ಪ್ರತಿಕ್ರಿಯೆಗೆ ಅವಧಿ ಸಿಗುತ್ತದೆ. ಆ ವೇಳೆಗೆ ಅಭಿಮಾನಿಗಳ ಉತ್ಸಾಹವೆಲ್ಲ ಪಂದ್ಯದತ್ತ ಹೊರಳಿರುತ್ತದೆ. ಕೌನ್ಸಿಲ್ ಜಾಲತಾಣದಲ್ಲಿ ಇಮೇಲ್ ಅಲರ್ಟ್ ಸೌಲಭ್ಯವಿದ್ದರೆ ನಿಮ್ಮ ಪೋಸ್ಟ್‌ಕೋಡ್‌ಗೆ ಇವತ್ತೇ ಹಾಕಿಡಿ.